ಸರ್ವೆಗೆ ಮೊದಲು ಯಾರನ್ನು ಕೂರಿಸಿಕೊಳ್ಳಬೇಕು?

2014ರಲ್ಲಿ ವಿಶ್ವಬ್ಯಾಂಕಿನವರು ತಮ್ಮದೇ ರಿಪೋರ್ಟ್‌ಗಳನ್ನು ಎಷ್ಟು ಜನ ಓದುತ್ತಾರೆ ಅಂತ ಲೆಕ್ಕ ಹಾಕಿದರು. ಸರಕಾರಗಳಿಗೆ ದಾರಿ ತೋರಿಸಲಿ ಅಂತ ಬರೆದ ರಿಪೋರ್ಟ್‌ಗಳಲ್ಲಿ ಸುಮಾರು ಶೇ. 31ರಷ್ಟನ್ನು ಒಬ್ಬರೂ ಡೌನ್‌ಲೋಡ್ ಮಾಡಿರಲಿಲ್ಲ. ಒಬ್ಬರೂ ಅಂದ್ರೆ ಒಬ್ಬರೂ. ಸುಮಾರು ಶೇ. 87ರಷ್ಟನ್ನು ಬೇರೆ ಯಾವ ಲೇಖನದಲ್ಲೂ ಯಾರೂ ಉಲ್ಲೇಖಿಸಿರಲಿಲ್ಲ. ಈ ಲೆಕ್ಕವನ್ನು ಮೀಟಿಂಗ್‌ಗಳಲ್ಲಿ ಹೇಳಿ ನಗುವವರು ತುಂಬಾ ಜನ ಇದ್ದಾರೆ. ನನಗೆ ನಗು ಬರುವುದಿಲ್ಲ, ಆ ಶೇ. 31ಕ್ಕೆ ಬೇಕಾದ ಮಾಹಿತಿಯನ್ನು ಮನೆ ಮನೆ ತಿರುಗಿ ತರುವ ಕೆಲಸವೇ ನನ್ನದು.

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಹೊರದೇಶದ ಸಂಸ್ಥೆಗಳ ದುಡ್ಡಿನಲ್ಲಿ ನಡೆಯುವ ಸಾಮಾಜಿಕ ಅಧ್ಯಯನಗಳಿಗೆ ಕರಾವಳಿಯ ಫೀಲ್ಡ್ ಕೆಲಸ ನಾವು ಮಾಡಿಕೊಡುತ್ತೇವೆ. ಸಾಮಾನ್ಯವಾಗಿ ಹೇಗೆ ಅಂದ್ರೆ, ಪ್ರಶ್ನಾವಳಿ ಮೇಲಿಂದ ತಯಾರಾಗಿಯೇ ಬರುತ್ತದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಕೈಗೊಂದು ಟ್ಯಾಬ್ ಕೊಟ್ಟು ಮಲ್ಪೆ, ಗಂಗೊಳ್ಳಿ, ಹೆಜಮಾಡಿ, ಉಳ್ಳಾಲ ಅಂತ ಕಳಿಸುತ್ತೇವೆ. ಡೇಟಾ ಹೋಗುತ್ತದೆ, ಎಲ್ಲೋ ಯಾರೋ ರಿಪೋರ್ಟ್ ಬರೆಯುತ್ತಾರೆ, ಕೊನೆಗೆ ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಬಿಡುಗಡೆ. ಅಧಿಕಾರಿಗಳು ಬರುತ್ತಾರೆ, ದೀಪ ಹಚ್ಚುತ್ತಾರೆ, ಊಟ ಮಾಡಿ ಹೋಗುತ್ತಾರೆ. ಆ ದಿನ ರಿಪೋರ್ಟ್ ಅವರ ಕೈಗೆ ಮೊದಲ ಸಲ ಸಿಗುತ್ತದೆ. ತೊಂದರೆ ಇರುವುದೇ ಅಲ್ಲಿ ಅಂತ ನನ್ನ ಲೆಕ್ಕ. ರಿಪೋರ್ಟ್ ಚಿಕ್ಕದಾಗಿಲ್ಲ, ಭಾಷೆ ಕಷ್ಟ, ಚಿತ್ರ ಸಾಲದು ಅಂತ ಎಲ್ಲರೂ ಕೊನೆಯ ಹಂತದ ಬಗ್ಗೆ ಮಾತಾಡುತ್ತಾರೆ. ಬಳಸಬೇಕಾದವರು ಪ್ರಶ್ನೆ ಬರೆಯುವಾಗಲೇ ಜೊತೆಗೆ ಕೂತಿರಬೇಕಿತ್ತು. ಯಾರ ಬಗ್ಗೆ ಅಧ್ಯಯನವೋ ಅವರೂ ಕೂತಿರಬೇಕಿತ್ತು.

ಒಂದು ಉದಾಹರಣೆ ಹೇಳುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ ಅಲ್ವಾ. ಆ ಸಮಯದಲ್ಲಿ ಮೀನುಗಾರ ಕುಟುಂಬಗಳು ಹೇಗೆ ಬದುಕುತ್ತವೆ ಅನ್ನುವ ಅಧ್ಯಯನ ನಮಗೆ ಬಂತು. ಪ್ರಶ್ನಾವಳಿಯಲ್ಲಿ ಮೊದಲು ಮನೆಯ ಯಜಮಾನ, ಅವನ ಉದ್ಯೋಗ, ಅವನ ಆದಾಯ. ಆಮೇಲೆ ಹೆಂಡತಿ, ಅವಳ ಉದ್ಯೋಗಕ್ಕೆ ಒಂದೇ ಒಂದು ಖಾನೆ. ದೋಣಿ ನಿಂತರೆ ಆದಾಯ ನಿಂತಿತು, ಹಾಗಾದರೆ ಎಷ್ಟು ಪರಿಹಾರ ಕೊಡಬೇಕು ಅಂತ ಇಡೀ ಫಾರಂ ಹೋಗುತ್ತಿತ್ತು. ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಕೂತು ಬರೆದರೆ ಹಾಗೆಯೇ ಬರುತ್ತದೆ.

ಫೀಲ್ಡಿಗೆ ಇಳಿಯುವ ಮೊದಲು ಫಾರಂ ಪರೀಕ್ಷೆ ಮಾಡಲು ನಾನು ಮಲ್ಪೆಯಲ್ಲಿ ಕೆಲವು ಹೆಂಗಸರ ಜೊತೆ ಕೂತೆ. ಮೀನು ಮಾರುವವರು. ಅರ್ಧ ಗಂಟೆ ಪ್ರಶ್ನೆ ಕೇಳಿಸಿಕೊಂಡ ಮೇಲೆ ಒಬ್ಬರು ಬುಟ್ಟಿ ಸರಿಮಾಡುತ್ತಾ, "ಎಂಥ ಮಾರಾಯ್ತಿ, ಗಂಡಸರದ್ದೇ ಕೇಳ್ತಾ ಇದ್ದೀಯಲ್ಲ. ಏಲಂನಲ್ಲಿ ದುಡ್ಡು ಕೊಡುವವರು ಯಾರು ಅಂತ ಕೇಳು ಮೊದಲು" ಅಂದರು. ಆಮೇಲೆ ಅವರೇ ಪಾಠ ಮಾಡಿದರು. ಬಂದರಿನಲ್ಲಿ ಏಲಂ ಕೂಗಿ ಮೀನು ತೆಗೆಯುವುದು ಅವರು. ಐಸಿಗೆ, ರಿಕ್ಷಾಕ್ಕೆ ದುಡ್ಡು ಅವರದ್ದು. ಕೈಯಲ್ಲಿ ಇಲ್ಲದಿದ್ದರೆ ಸಾಲ ಅವರ ಹೆಸರಲ್ಲಿ. ಮಳೆಗಾಲದಲ್ಲಿ ದೋಣಿ ನಿಂತರೂ ಅವರ ವ್ಯಾಪಾರ ಪೂರ್ತಿ ನಿಲ್ಲುವುದಿಲ್ಲ. ನಾಡದೋಣಿಯ ಮೀನು, ಹೊರಗಿನಿಂದ ಐಸ್ ಹಾಕಿ ಬರುವ ಮೀನು, ಏಪ್ರಿಲ್ ಮೇ ಬಿಸಿಲಿನಲ್ಲಿ ಒಣಗಿಸಿಟ್ಟ ಒಣಮೀನು, ಹೀಗೆ ಏನಾದರೂ ಮಾಡಿ ಮನೆ ನಡೆಸುತ್ತಾರೆ, ಆದರೆ ರೇಟು ಜಾಸ್ತಿ, ಲಾಭ ಕಮ್ಮಿ, ಬಡ್ಡಿ ಮಾತ್ರ ಹಾಗೇ. ಇಂಥವರ ಉದ್ಯೋಗದ ಖಾನೆಯಲ್ಲಿ ಹಿಂದಿನ ಎಷ್ಟೋ ಸರ್ವೆಗಳು 'ಗೃಹಿಣಿ' ಅಂತ ಟಿಕ್ ಮಾಡಿ ಹೋಗಿವೆ.

ನಾವು ಫಾರಂ ಬದಲಾಯಿಸಬೇಕು ಅಂತ ಹಟ ಹಿಡಿದೆವು. ದಾನಿ ಸಂಸ್ಥೆಯವರು ಮೊದಲು ಒಪ್ಪಲಿಲ್ಲ, ಬೇರೆ ದೇಶಗಳ ಜೊತೆ ಹೋಲಿಸಲು ಆಗುವುದಿಲ್ಲ ಅಂದರು. ಅದು ನ್ಯಾಯವಾದ ಮಾತೇ. ಕೊನೆಗೆ ಹಳೆಯ ಫಾರಂ ಹಾಗೇ ಇಟ್ಟು, ಹೆಂಗಸರ ವ್ಯಾಪಾರದ ಬಗ್ಗೆ ಬೇರೆ ಪುಟ ಸೇರಿಸಲು ಒಪ್ಪಿದರು.

ಅಷ್ಟರಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ಸಂಬಂಧಪಟ್ಟ ಇಲಾಖೆಯ ಒಬ್ಬ ಅಧಿಕಾರಿಯ ಹತ್ತಿರ ಹೋಗಿ, "ಸರ್, ಈ ಅಧ್ಯಯನದಿಂದ ನಿಮಗೆ ಏನು ಗೊತ್ತಾದರೆ ಉಪಯೋಗ?" ಅಂತ ನೇರ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಬಹುಶಃ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಆಮೇಲೆ, "ನೋಡಿ ಮೇಡಂ, ಮಹಿಳೆಯರಿಗೆ ಕಷ್ಟ ಇದೆ ಅಂತ ನೀವು ನೂರು ಪುಟ ಬರೆದರೆ ಅದನ್ನು ನಾನು ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಗೆ ಹಾಕಲಿ? ಯಾವ ಮಾರ್ಕೆಟ್‌ಗೆ ಸೂರು ಇಲ್ಲ, ಎಲ್ಲಿ ನೀರಿಲ್ಲ, ಎಷ್ಟು ಜನಕ್ಕೆ ಐಸ್ ಬಾಕ್ಸ್ ಬೇಕು, ಅದು ಹೇಳಿ. ಅದೂ ಬೇಡಿಕೆ ಪಟ್ಟಿ ಹೋಗುವ ಮೊದಲು" ಅಂದರು.

ಈ ಕೊನೆಯ ಮಾತು ಮುಖ್ಯ. ರಾಜ್ಯ ಬಜೆಟ್ ಮಂಡನೆಯಾಗುವುದು ಮಾರ್ಚ್ ಹೊತ್ತಿಗೆ, ಆದರೆ ಇಲಾಖೆಗಳಿಂದ ಬೇಡಿಕೆ ಮೇಲೆ ಹೋಗುವುದು ಅದಕ್ಕೆ ತಿಂಗಳುಗಟ್ಟಲೆ ಮೊದಲು. ಬ್ರಿಟನ್ನಿನ ದುಡ್ಡಾದರೆ ಅವರ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅಮೆರಿಕ ಸರಕಾರದ್ದಾದರೆ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಸಂಶೋಧನೆಯ ಕ್ಯಾಲೆಂಡರ್ ದಾನಿಯ ವರ್ಷ ನೋಡಿ ಓಡುತ್ತದೆ, ಇಲಾಖೆಯ ವರ್ಷ ನೋಡಿ ಅಲ್ಲ. ಹಾಗಾಗಿ ಒಳ್ಳೆಯ ರಿಪೋರ್ಟ್ ಬಜೆಟ್ ಮುಗಿದ ಮರುವಾರ ಬರುತ್ತದೆ, ದೀಪ ಹಚ್ಚಿಸಿಕೊಳ್ಳುತ್ತದೆ, ಕಪಾಟಿಗೆ ಹೋಗುತ್ತದೆ.

ನಾವು ಮಾರ್ಕೆಟ್‌ವಾರು ಒಂದು ಪಟ್ಟಿಯನ್ನು ರಿಪೋರ್ಟ್‌ಗಿಂತ ಮೊದಲೇ ಮಾಡಿ ಕೊಟ್ಟೆವು. ಎರಡು ಹಾಳೆ, ಅಷ್ಟೇ. ಅದರಲ್ಲಿದ್ದ ಕೆಲವು ಅಂಶ ಬೇಡಿಕೆ ಪಟ್ಟಿಯಲ್ಲಿ ಸೇರಿತು. ನಮ್ಮ ಅಧ್ಯಯನದ ಹೆಸರು ಅದರಲ್ಲಿ ಎಲ್ಲೂ ಇಲ್ಲ, ಇರಬೇಕಾಗಿಯೂ ಇಲ್ಲ. ದಾನಿ ಸಂಸ್ಥೆಗೆ ಮಾತ್ರ ಇದರಿಂದ ಬೇಸರ. "ನಿಮ್ಮ ಸಂಶೋಧನೆಯಿಂದಲೇ ಇದಾಯಿತು ಅನ್ನುವುದಕ್ಕೆ ಪುರಾವೆ ಕೊಡಿ" ಅಂತ ಪ್ರತಿ ವರದಿಯಲ್ಲೂ ಒಂದು ಕಾಲಂ ಇರುತ್ತದೆ. ಸರಕಾರಿ ಫೈಲಿನಲ್ಲಿ ಯಾರಾದರೂ "ಇಂಥವರ ರಿಪೋರ್ಟ್ ಓದಿ ನನಗೆ ಜ್ಞಾನೋದಯವಾಯಿತು" ಅಂತ ಟಿಪ್ಪಣಿ ಬರೆಯುತ್ತಾರಾ?

ಈ ಮೀನಿನ ವಿಷಯ ನಮ್ಮೂರಿನದ್ದು ಮಾತ್ರ ಅಂದುಕೊಳ್ಳಬೇಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಮತ್ತು ವರ್ಲ್ಡ್‌ಫಿಶ್ ಅನ್ನುವ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸೇರಿ 2023ರಲ್ಲಿ ಒಂದು ದೊಡ್ಡ ಅಧ್ಯಯನ ಹೊರತಂದವು. ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಕನಿಷ್ಠ ಶೇ. 40 ಸಣ್ಣ ಮೀನುಗಾರರದ್ದು, ಆ ಕೆಲಸದಲ್ಲಿರುವ ಹತ್ತು ಜನರಲ್ಲಿ ನಾಲ್ವರು ಹೆಂಗಸರು ಅಂತ ಅದು ಹೇಳಿತು. ಬರೀ ದೋಣಿಯಲ್ಲಿ ಇರುವವರನ್ನು ಎಣಿಸದೆ ದಡದಲ್ಲಿ ಒಣಗಿಸುವವರು, ಮಾರುವವರು ಎಲ್ಲರನ್ನೂ ಎಣಿಸಿದ್ದಕ್ಕೆ ಈ ಲೆಕ್ಕ ಬಂತು. ಯಾರನ್ನು ಎಣಿಸಬೇಕು ಅನ್ನುವ ಜಗಳ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು.

2014ರಲ್ಲಿ ಸಣ್ಣ ಮೀನುಗಾರಿಕೆಗೆ ಅಂತಲೇ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಬಂದವು, ರೋಮ್‌ನಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯ ಸದಸ್ಯ ದೇಶಗಳು ಒಪ್ಪಿದವು. ಅದು ಬರೆದ ರೀತಿ ನನಗೆ ತುಂಬಾ ಇಷ್ಟ. 120ಕ್ಕೂ ಹೆಚ್ಚು ದೇಶಗಳ 4,000ಕ್ಕೂ ಹೆಚ್ಚು ಜನರನ್ನು, ಅದರಲ್ಲಿ ಮೀನುಗಾರರನ್ನೂ ಸೇರಿಸಿ, ಕೂರಿಸಿ ಕೇಳಿ ಆಮೇಲೆ ಬರೆದರು. ಅದಕ್ಕೇ ದಡದ ಕೆಲಸ, ಹೆಂಗಸರ ಪಾಲು, ಜಾಗದ ಹಕ್ಕು ಎಲ್ಲ ಅದರೊಳಗೆ ಇದೆ. ಇದರ ಹಿಂದೆ ವರ್ಷಾನುಗಟ್ಟಲೆ ದುಡಿದವರಲ್ಲಿ ಚೆನ್ನೈಯ ಚಂದ್ರಿಕಾ ಶರ್ಮಾ ಒಬ್ಬರು. ಮೀನುಕಾರ್ಮಿಕರ ಪರ ಕೆಲಸ ಮಾಡುವ ಐಸಿಎಸ್ಎಫ್ ಸಂಸ್ಥೆಯ ಕಾರ್ಯನಿರ್ವಾಹಕ ಕಾರ್ಯದರ್ಶಿಯಾಗಿದ್ದರು. ಮಾರ್ಗಸೂಚಿ ಪಾಸಾಗುವ ಕೆಲವೇ ತಿಂಗಳು ಮೊದಲು, ಮಾರ್ಚ್ 2014ರಲ್ಲಿ, ಅದೇ ಆಹಾರ ಮತ್ತು ಕೃಷಿ ಸಂಸ್ಥೆಯ ಸಭೆಗೆ ಮಂಗೋಲಿಯಾಕ್ಕೆ ಹೊರಟಿದ್ದ ಅವರು ಕಾಣೆಯಾದ ಎಂಎಚ್370 ವಿಮಾನದಲ್ಲಿದ್ದರು. ಆ ಮಾರ್ಗಸೂಚಿಯನ್ನು ಅವರಿಗೇ ಅರ್ಪಿಸಲಾಗಿದೆ. ನಮ್ಮ ತಂಡಕ್ಕೆ ಹೊಸಬರು ಬಂದಾಗ ನಾನು ಈ ಪುಸ್ತಿಕೆಯನ್ನು ಕೊಟ್ಟು ಮೊದಲ ಪುಟ ಓದಿಸುತ್ತೇನೆ. ಮಾರ್ಗಸೂಚಿ ಕಡ್ಡಾಯ ಅಲ್ಲ, ಕಾನೂನೂ ಅಲ್ಲ, ಆದರೆ ನಾಳೆ ಯಾವ ದೇಶದಲ್ಲಿ ಯಾರಾದರೂ ಹೆಂಗಸರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯೋಜನೆ ಬರೆದರೂ ಅದನ್ನು ಎದುರಿಗಿಟ್ಟು ಕೇಳಬಹುದು.

ಪ್ರಶ್ನೆ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಬಾಂಗ್ಲಾದೇಶದ ಕಥೆ ನೋಡಿ. ತಮಿಳುನಾಡಿನಲ್ಲಿ 1980ರಲ್ಲಿ ವಿಶ್ವಬ್ಯಾಂಕ್ ನೆರವಿನ ಪೌಷ್ಟಿಕಾಂಶ ಯೋಜನೆ ಶುರುವಾಯಿತು. ಮಕ್ಕಳನ್ನು ತೂಗುವುದು, ತೂಕ ಕಮ್ಮಿ ಇದ್ದವರಿಗೆ ಆಹಾರ, ತಾಯಂದಿರಿಗೆ ತಿಳಿವಳಿಕೆ. ಒಳ್ಳೆಯ ಹೆಸರು ಬಂತು. ಅದೇ ಮಾದರಿಯನ್ನು 1995ರಲ್ಲಿ ಬಾಂಗ್ಲಾದೇಶಕ್ಕೆ ಒಯ್ದರು. ಅಲ್ಲಿ ಅಂದುಕೊಂಡಷ್ಟು ಫಲ ಸಿಗಲಿಲ್ಲ. ಆಮೇಲೆ ನೋಡಿದರೆ, ಅಲ್ಲಿಯ ಹಳ್ಳಿಗಳಲ್ಲಿ ಸಂತೆಗೆ ಹೋಗಿ ಸಾಮಾನು ತರುವುದು ಗಂಡಸರು, ಕೂಡುಕುಟುಂಬದಲ್ಲಿ ಯಾರಿಗೆ ಎಷ್ಟು ಬಡಿಸಬೇಕು ಅಂತ ಹೇಳುವುದು ಅತ್ತೆ. ಯೋಜನೆಯವರು ಮಗುವಿನ ತಾಯಿಗೆ ಪಾಠ ಮಾಡುತ್ತಿದ್ದರು! ತಮಿಳುನಾಡಿನಲ್ಲಿ ಯೋಜನೆ ಫಲ ಕೊಟ್ಟಿದ್ದು ನಿಜ. ಆದರೆ ಮನೆಯೊಳಗೆ ಮಾತು ಯಾರದ್ದು ನಡೆಯುತ್ತದೆ ಅನ್ನುವುದನ್ನು ಹೊಸ ಜಾಗದಲ್ಲಿ ಯಾರೂ ಸರಿಯಾಗಿ ಕೇಳಿರಲಿಲ್ಲ. ಮಲ್ಪೆಯ ಆ ಅಕ್ಕನನ್ನು ಅಲ್ಲಿಗೆ ಕಳಿಸಿದ್ದರೆ ಮೊದಲ ದಿನವೇ ಕೇಳಿಬಿಡುತ್ತಿದ್ದರು.

ಹಾಗಂತ ಸರಿಯಾದ ಪ್ರಶ್ನೆ ಕೇಳಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಮೆಕ್ಸಿಕೊದ ಪ್ರೊಗ್ರೆಸಾ ಯೋಜನೆ ನಮ್ಮ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು. ಮಕ್ಕಳು ಶಾಲೆಗೆ ಹೋದರೆ, ಆರೋಗ್ಯ ತಪಾಸಣೆಗೆ ಬಂದರೆ ತಾಯಿಯ ಕೈಗೆ ದುಡ್ಡು. 1997ರಲ್ಲಿ ಶುರುವಾಯಿತು. ಇದನ್ನು ರೂಪಿಸಿದ ಸಾಂಟಿಯಾಗೊ ಲೆವಿ ಸ್ವತಃ ಅರ್ಥಶಾಸ್ತ್ರಜ್ಞ, ಹಣಕಾಸು ಇಲಾಖೆಯ ಒಳಗೇ ಇದ್ದವರು. 506 ಹಳ್ಳಿಗಳನ್ನು ಆರಿಸಿ, 320ರಲ್ಲಿ ಮೊದಲು ಕೊಟ್ಟು, 186ರಲ್ಲಿ ಆಮೇಲೆ ಕೊಟ್ಟು ಹೋಲಿಸಿದರು. ಇಲ್ಲಿ ಸಂಶೋಧನೆ ಯೋಜನೆಯ ಜೊತೆಯಲ್ಲೇ ಹುಟ್ಟಿತು, ಬಳಸುವವರೇ ಕೇಳಿದ್ದು. 2000ದಲ್ಲಿ ಬೇರೆ ಪಕ್ಷ ಅಧಿಕಾರಕ್ಕೆ ಬಂದರೂ ಯೋಜನೆ ಉಳಿಯಿತು, ಹೆಸರು ಬದಲಾಯಿತು, ಅಷ್ಟೆ. ಒಳ್ಳೆಯ ಪುರಾವೆ ಇದ್ದದ್ದು ಅದಕ್ಕೆ ಒಂದು ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಆದರೆ 2019ರಲ್ಲಿ ಮತ್ತೊಂದು ಸರಕಾರ ಅದನ್ನು ನಿಲ್ಲಿಸಿತು. ಪುರಾವೆ ಆಗಲೂ ಇತ್ತು. ರಾಜಕೀಯದ ಎದುರು ಅದು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಇಷ್ಟು ಸಾಕು.

ಇನ್ನೊಂದು ಅಪಾಯ ಇದೆ, ಅದನ್ನು ಹೇಳದಿದ್ದರೆ ಮೋಸ. ಅಧಿಕಾರಿಯನ್ನು ಮೊದಲೇ ಕೂರಿಸಿಕೊಂಡರೆ ಅವರು ಪ್ರಶ್ನೆಯನ್ನು ತಮಗೆ ಬೇಕಾದ ಕಡೆಗೆ ಎಳೆಯಬಹುದು. ಆಗಲೇ ತೀರ್ಮಾನ ಮಾಡಿ, ಅದಕ್ಕೊಂದು ಅಧ್ಯಯನದ ಮುದ್ರೆ ಒತ್ತಿಸಿಕೊಳ್ಳಲು ಬರುವವರೂ ಇದ್ದಾರೆ. ಅಂಥ ಕೆಲಸ ನಮಗೂ ಬಂದಿದೆ. ಮೊದಲ ಫೋನಿನಲ್ಲೇ ವಾಸನೆ ಹೊಡೆಯುತ್ತದೆ. "ಪಾಸಿಟಿವ್ ಆಗಿ ಬರಬೇಕು" ಅನ್ನುತ್ತಾರೆ. ನಾನು ಅಂಥವರಿಗೆ, ಫಲಿತಾಂಶ ಉಲ್ಟಾ ಬಂದರೂ ಪ್ರಕಟಿಸುತ್ತೀರಾ ಅಂತ ಬರವಣಿಗೆಯಲ್ಲಿ ಕೇಳುತ್ತೇನೆ. ಅಲ್ಲಿಗೆ ಮಾತುಕತೆ ತಣ್ಣಗಾಗುತ್ತದೆ. ಅವರು ಯಾವುದಾದರೂ ಜಾಹೀರಾತು ಕಂಪನಿಗೆ ಕೊಡಲಿ, ಬೇಕಾದ್ದು ಸಿಗುತ್ತದೆ.

ಎಲ್ಲ ಸಂಶೋಧನೆಯೂ ಇಲಾಖೆಯ ಬೇಡಿಕೆ ಪಟ್ಟಿಗೆ ಹೊಂದಿಕೊಂಡೇ ನಡೆಯಬೇಕು ಅಂತಲೂ ಅಲ್ಲ. ನಿಧಾನವಾಗಿ ಇಳಿಯುವ ವಿಚಾರಗಳೂ ಇವೆ. ಒಂದು ದೇಶದ ಅಭಿವೃದ್ಧಿ ಅಂದರೆ ಬರೀ ಆದಾಯ ಅಲ್ಲ, ಆಯುಸ್ಸು, ಓದು ಎಲ್ಲ ಸೇರಬೇಕು ಅನ್ನುವುದು ಈಗ ಎಲ್ಲರೂ ಹೇಳುವ ಮಾತು. ಅರ್ಥಶಾಸ್ತ್ರಜ್ಞರಾದ ಮಹಬೂಬ್ ಉಲ್ ಹಕ್, ಅಮರ್ತ್ಯ ಸೇನ್ ಮುಂತಾದವರು 1990ರಲ್ಲಿ ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿಯ ಮೂಲಕ ಅದನ್ನು ಮುಂದಿಟ್ಟಾಗ ಯಾವ ಇಲಾಖೆಯೂ ಅದನ್ನು ಕೇಳಿರಲಿಲ್ಲ. ಅಂಥ ಕೆಲಸ ಮಾಡುವವರು ಮಾಡಲಿ, ನನಗೆ ಗೌರವ ಇದೆ. ನಮ್ಮಂಥ ಸಣ್ಣ ಆಫೀಸಿಗೆ ಮೂವತ್ತು ವರ್ಷ ಕಾಯುವ ಪುರುಸೊತ್ತಿಲ್ಲ. ದುಡ್ಡು ಯಾವಾಗ ನಿಲ್ಲುತ್ತದೋ ಅದೂ ಗೊತ್ತಿಲ್ಲ. 1984ರಿಂದ ಅಮೆರಿಕದ ನೆರವಿನಲ್ಲಿ ಹತ್ತಾರು ದೇಶಗಳಲ್ಲಿ ನಡೆಯುತ್ತಿದ್ದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳ ಕಾರ್ಯಕ್ರಮವನ್ನೇ 2025ರ ಆರಂಭದಲ್ಲಿ ತಟ್ಟನೆ ನಿಲ್ಲಿಸಿದರು, ಎಷ್ಟೋ ದೇಶಗಳ ಸರ್ವೆ ಅರ್ಧದಲ್ಲಿ ನಿಂತವು. ತಾಯಿ ಮಕ್ಕಳ ಆರೋಗ್ಯದ ಲೆಕ್ಕಕ್ಕೆ ಅದನ್ನೇ ನಂಬಿದ್ದ ಸರಕಾರಗಳು ಈಗ ಏನು ಮಾಡಬೇಕು?

ಈ ಕೆಲಸಕ್ಕೆ ಹೊಸದಾಗಿ ಬರುವವರು ಸಾಮಾನ್ಯವಾಗಿ ಕೇಳುವುದು, ಅಧಿಕಾರಿಯನ್ನು ಹಿಡಿಯುವುದು ಹೇಗೆ ಅಂತ. ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟವೇನಲ್ಲ, ಸಂಜೆ ನಾಲ್ಕರ ಮೇಲೆ ಹೋಗಿ ಕಾದರೆ ಸಿಗುತ್ತಾರೆ. ಕಷ್ಟ ಇರುವುದು ವರ್ಗಾವಣೆಯಲ್ಲಿ. ಪ್ರಶ್ನೆ ಕೂಡಿ ಬರೆದವರು ಬೀದರಿಗೋ ಬಳ್ಳಾರಿಗೋ ಹೋಗಿರುತ್ತಾರೆ, ಹೊಸಬರಿಗೆ ನಿಮ್ಮ ಮುಖವೇ ಗೊತ್ತಿರುವುದಿಲ್ಲ. ಹಾಗಾಗಿ ನಾನು ಈಗ ಸಾಹೇಬರ ಜೊತೆಗೆ ಆ ವಿಷಯದ ಕೇಸ್ ವರ್ಕರ್‌ರನ್ನೂ ಮೊದಲ ಸಭೆಗೆ ಕರೆಯುತ್ತೇನೆ. ಫೈಲ್ ಎಬ್ಬಿಸುವವರು ಅವರೇ, ಟಿಪ್ಪಣಿ ಬರೆಯುವವರು ಅವರೇ, ಹೋದ ವರ್ಷದ ಬೇಡಿಕೆ ಯಾಕೆ ತಿರಸ್ಕೃತವಾಯಿತು ಅಂತ ನೆನಪಿರುವುದೂ ಅವರಿಗೇ. ದಾನಿ ಸಂಸ್ಥೆಯವರು ಒಮ್ಮೆ ಸಭೆಯ ಪಟ್ಟಿ ನೋಡಿ, "ಇಷ್ಟು ಕೆಳಗಿನ ಹಂತದವರು ಯಾಕೆ?" ಅಂತ ಕೇಳಿದರು. ಅದೇ ಕೇಸ್ ವರ್ಕರ್ ಮೀಟಿಂಗಿನಲ್ಲಿ ನಮ್ಮ ಫಾರಂನ ಎರಡು ಪ್ರಶ್ನೆಗೆ ಉತ್ತರ ಇಲಾಖೆಯ ರಿಜಿಸ್ಟರಿನಲ್ಲೇ ಇದೆ, ಅದಕ್ಕೆ ಸುಮ್ನೆ ಮನೆ ಮನೆ ತಿರುಗಬೇಡಿ ಅಂದರು. ಆ ಎರಡು ಪ್ರಶ್ನೆ ತೆಗೆದ ಜಾಗದಲ್ಲಿ ಬಡ್ಡಿ ಎಷ್ಟು ಅಂತ ಕೇಳಿದೆವು.