ಚಿಲ್ಲರೆ ಪಾಕೀಟಿನಲ್ಲಿ ಹಳೇ ನಾಣ್ಯ: ಮೊದಲು ತೂಕ, ಆಮೇಲೆ ಕಣ್ಣು

"ಸರ್, ಹಳೇ ಕಾಯಿನ್ ಇದ್ರ ಒಂದೀಟು ಆರಿಸಿ ಕೊಡ್ರಿ" ಅಂತ ಕೇಳಿದರೆ ಯಾವ ಕ್ಯಾಶಿಯರೂ ಆರಿಸಿ ಕೊಡುವುದಿಲ್ಲ. ಸರದಿ ಬಾಗಿಲ ತನಕ ನಿಂತಿರುತ್ತದೆ, ಅವರಿಗೆ ಪುರುಸೊತ್ತು ಎಲ್ಲಿಯದು? ಅದೇ "ಗಿರಾಕಿ ಕಟ್ಟಿದ್ದ ಎರಡು ರೂಪಾಯಿ ಪಾಕೀಟು ಹತ್ತು ಕೊಡ್ರಿ, ಹೊಸಾ ಚೀಲದ್ದು ಬ್ಯಾಡ್ರಿ" ಅಂದು ಎರಡು ಸಾವಿರ ರೂಪಾಯಿ ಮುಂದಿಟ್ಟರೆ ನಿಮಿಷದ ಕೆಲಸ. ಬ್ಯಾಂಕಿನ ಕ್ಯಾಶ್ ವಿಭಾಗದಲ್ಲಿ ಚಿಲ್ಲರೆ ಎಣಿಸುವ ನಮಗೆ ರೂಢಿಯಾಗಿರುವ ಕೆಲವು ಸಂಗತಿಗಳು ನಾಣ್ಯ ಸಂಗ್ರಹಿಸುವವರಿಗೆ ಗೊತ್ತಿಲ್ಲದೆ ಅವರು ಸುಮ್ಮನೆ ಕಣ್ಣು ನೋಯಿಸಿಕೊಳ್ಳುತ್ತಾರೆ. ಅದಕ್ಕೇ ಈ ಬರಹ.

ಹೊರದೇಶದ ವಿಡಿಯೋಗಳಲ್ಲಿ ಕಾಣುವ, ನಾಣ್ಯ ಸುತ್ತಿಟ್ಟ ಕಾಗದದ ಸುರುಳಿ ನಮ್ಮಲ್ಲಿಲ್ಲ. ನಮ್ಮಲ್ಲಿ ನೂರು ನಾಣ್ಯದ ಪ್ಲಾಸ್ಟಿಕ್ ಪಾಕೀಟು. ಅದರಲ್ಲೂ ಎರಡು ಜಾತಿ. ನಾಣ್ಯ ಅಚ್ಚು ಹಾಕುವ ಟಂಕಸಾಲೆಯಿಂದ ಕರೆನ್ಸಿ ಚೆಸ್ಟ್ (ಆರ್‌ಬಿಐ ಪರವಾಗಿ ಹಣ ಇಡುವ ಬ್ಯಾಂಕಿನ ಖಜಾನೆ) ಮೂಲಕ ಶಾಖೆಗೆ ಬರುವ ಹೊಸ ಚೀಲದಲ್ಲಿ ಒಂದೇ ಮಾದರಿಯ ಮಿರಿಮಿರಿ ನಾಣ್ಯಗಳು ಇರುತ್ತವೆ. ಅದರಲ್ಲಿ ಹಳೆಯದನ್ನು ಹುಡುಕುವುದು ದಂಡ. ಅಂಗಡಿ, ಬಸ್ ಡಿಪೊ, ಗುಡಿಯ ಹುಂಡಿಯಿಂದ ಜಮಾ ಆಗಿ ಬಂದ ಬಳಸಿದ ಚಿಲ್ಲರೆಯೇ ನಿಮಗೆ ಬೇಕಾದದ್ದು. ಇವುಗಳಲ್ಲೂ ಹುಂಡಿಯದೇ ಮೇಲು. ಹುಬ್ಬಳ್ಳಿ ಪೇಟೆಯ ದುರ್ಗದಬೈಲಿನ ಅಂಗಡಿಯ ಚಿಲ್ಲರೆ ಊರೊಳಗೇ ಸುತ್ತುತ್ತಿರುತ್ತದೆ, ಹತ್ತಾರು ಕೈ ದಾಟಿ ಬಂದಿರುತ್ತದೆ. ಹುಂಡಿಗೆ ಮಾತ್ರ ಹಳ್ಳಿ ಮನೆಯ ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತಿದ್ದ ನಾಣ್ಯ, ಹರಕೆಯ ಗಂಟಿನ ನಾಣ್ಯ ಬೀಳುತ್ತದೆ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ ಮುಗಿದ ಮೇಲಿನ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಚಿಲ್ಲರೆ ಕೇಳುವುದಕ್ಕೆ ಕಾರಣ ಇದೇ. ಗದಗ, ಹಾವೇರಿ ಕಡೆಯವರೂ ತಮ್ಮೂರ ಜಾತ್ರೆ ನೋಡಿಕೊಂಡು ಹೀಗೇ ಮಾಡಬಹುದು.

ಪಾಕೀಟು ಕೈಗೆ ಬಂದ ಕೂಡಲೇ ಬಿಚ್ಚಬೇಡಿ, ತೂಗಿ. ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆಯ ಡಿಜಿಟಲ್ ಕಾಟಾ ಸಾಕು. ಖಾಲಿ ಕವರಿನ ತೂಕ ಕಳೆಯುವುದನ್ನು ಮರೆಯಬೇಡಿ.

ಐದು ರೂಪಾಯಿಯಲ್ಲಿ ಲೆಕ್ಕ ಬಲು ಸಲೀಸು. 1992ರಿಂದ ಬಂದ ದಪ್ಪನೆಯ ಬಿಳಿ ನಾಣ್ಯ ತಾಮ್ರ-ನಿಕಲ್ ಮಿಶ್ರಲೋಹದ್ದು, 9 ಗ್ರಾಂ. ಆಮೇಲಿನ ಸ್ಟೀಲಿನದೂ ಹಳದಿ ಹಿತ್ತಾಳೆ ಬಣ್ಣದ್ದೂ 6 ಗ್ರಾಂ. 2019ರ ಮಾದರಿಯದು 6.74 ಗ್ರಾಂ. ಅಂದರೆ ನೂರಕ್ಕೆ ನೂರೂ ಹೊಸ ಮಾದರಿಯವೇ ಇದ್ದರೂ ಪಾಕೀಟು 674 ಗ್ರಾಂ ದಾಟಲಾರದು. 690 ತೋರಿಸಿತೋ, ಒಳಗೆ ಹಳೇ ದಪ್ಪ ನಾಣ್ಯ ಇದ್ದೇ ಇದೆ. ಈ ದಪ್ಪ ನಾಣ್ಯದ ಲೋಹದ ಬೆಲೆ ಮುಖಬೆಲೆಗಿಂತ ಹೆಚ್ಚಾಗಿ ಬಹಳಷ್ಟು ಕರಗಿಸುವವರ ಪಾಲಾಯಿತು. ಹಾಗೆ ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಎರಡು ರೂಪಾಯಿಯಲ್ಲಿ 2011ರ ನಂತರದ್ದು 4.85 ಗ್ರಾಂ, 2019ರ ಮಾದರಿ 4.07. ಭಾರತದ ನಕ್ಷೆ ಇರುವ ಹನ್ನೊಂದು ಮೂಲೆಯ ಹಳೇ ನಾಣ್ಯ 6 ಗ್ರಾಂ. 485 ಗ್ರಾಂ ಮೀರಿದ ಪಾಕೀಟನ್ನು ಮೊದಲು ಬಿಚ್ಚಿ, ಕಡಿಮೆ ಇರುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಕಾಟಾ ಮೋಸ ಹೋಗುವ ಜಾಗ ಎರಡಿವೆ. 1992ರಿಂದ 2011ರವರೆಗಿನ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ. 2011ರ ನಂತರದ ಎರಡು ರೂಪಾಯಿಯೂ ಅಷ್ಟೇ ಅಗಲ, ಅಷ್ಟೇ ತೂಕ. ಹಾಗೆಯೇ 1988ರಿಂದ ಬಂದ ಸ್ಟೀಲಿನ ಎಂಟಾಣೆಯೂ 2011ರ ಮಾದರಿಯ ಒಂದು ರೂಪಾಯಿಯೂ 22 ಮಿಲಿಮೀಟರ್, 3.79 ಗ್ರಾಂ. ತೂಕದಿಂದಾಗಲಿ ಅಗಲದಿಂದಾಗಲಿ ಇವನ್ನು ಬೇರೆ ಮಾಡಲಾಗದು, ಕಣ್ಣಿನಿಂದಲೇ ಆಗಬೇಕು. ಎರಡರ ಪಾಕೀಟಿನಲ್ಲಿ ಒಂದರ ನಾಣ್ಯ ಸೇರಿಕೊಳ್ಳುವುದು, ಸಂಜೆ ಕ್ಯಾಶ್ ಕಡಿಮೆ ಬೀಳುವುದು ಇದರಿಂದಲೇ. ನಿಮಗೂ ನಷ್ಟ ಆಗಬಹುದು, ಆದ್ದರಿಂದ ಕೌಂಟರ್ ಮುಂದೆಯೇ ಪಾಕೀಟನ್ನು ಹೊರಗಿನಿಂದ ತಿರುಗಿಸಿ ನೋಡಿ. ಮನೆಗೆ ಹೋಗಿ ಬಂದು "ಕಮ್ಮಿ ಐತಿ" ಅಂದರೆ ಯಾರೂ ಕೇಳುವುದಿಲ್ಲ.

ಇನ್ನು ಅಯಸ್ಕಾಂತ. ಹಳೇ ಸ್ಪೀಕರಿನದು ಸಾಕು, ನಾಣ್ಯಕ್ಕೆ ಗೀರು ಬೀಳದಂತೆ ಬಟ್ಟೆ ಸುತ್ತಿ. ಎರಡು ರೂಪಾಯಿಯನ್ನು ಪರಾತದಲ್ಲಿ ಹರವಿ ಮೇಲೆ ಆಡಿಸಿದರೆ ಸ್ಟೀಲಿನವೆಲ್ಲ ಅಂಟಿಕೊಂಡು ಬರುತ್ತವೆ, ತಾಮ್ರ-ನಿಕಲ್ಲಿನ ಹಳೇ ನಕ್ಷೆಯವು ತಳದಲ್ಲೇ ಉಳಿಯುತ್ತವೆ. ಒಂದು ರೂಪಾಯಿಯಲ್ಲೂ ಹೀಗೆಯೇ, 1983ರಿಂದ 1991ರವರೆಗಿನ 6 ಗ್ರಾಂ ನಾಣ್ಯ ಅಂಟುವುದಿಲ್ಲ. ಆದರೆ 1962ರಿಂದ 1974ರ ನಡುವಿನ ದೊಡ್ಡ ರೂಪಾಯಿ ಶುದ್ಧ ನಿಕಲ್, ಅದು ಅಯಸ್ಕಾಂತಕ್ಕೆ ಅಂಟುತ್ತದೆ. 28 ಮಿಲಿಮೀಟರ್ ಅಗಲ, 10 ಗ್ರಾಂ ಇರುವುದರಿಂದ ಕೈಗೆ ಸಿಕ್ಕರೆ ತಿಳಿಯದೇ ಇರದು. ಅಂಟಿದ ಗುಂಪನ್ನು ನೋಡದೆ ಚೀಲಕ್ಕೆ ಸುರಿದರೆ ಮಾತ್ರ ಹೋಯಿತು. ಐದು ರೂಪಾಯಿಗೆ ಅಯಸ್ಕಾಂತದ ಗೊಡವೆ ಬೇಡ, ಬಣ್ಣ, ದಪ್ಪಗಳೇ ಹೇಳುತ್ತವೆ.

ಇಷ್ಟಾದ ಮೇಲೆ ಉಳಿಯುವ ಹಿಡಿಯಷ್ಟು ನಾಣ್ಯಕ್ಕೆ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿಯಿರಿ. ಇಸವಿಯ ಕೆಳಗೆ ಟಂಕಸಾಲೆಯ ಗುರುತು ಇರುತ್ತದೆ: ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರಾಕಾರ ಇದ್ದರೆ ಮುಂಬೈ, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಸವೆದ ನಾಣ್ಯದಲ್ಲಿ ವಜ್ರದ ಮೂಲೆಗಳು ಹೋಗಿ ದುಂಡು ಚುಕ್ಕೆಯಂತೆಯೇ ಕಾಣುತ್ತವೆ. ಲೈಟನ್ನು ಪಕ್ಕದಿಂದ ಬೀಳಿಸಿ ಓರೆ ಮಾಡಿ ನೋಡಿದರೆ ಮೂಲೆಯ ನೆರಳು ಸಿಗುತ್ತದೆ. ಸಿಗಲಿಲ್ಲವೆಂದರೆ ಅನುಮಾನದ ಗುಂಪಿಗೆ ಹಾಕಿ, ಊಹಿಸಿ ಬರೆದುಕೊಳ್ಳಬೇಡಿ. ಹೊರದೇಶದಲ್ಲಿ ಮಾಡಿಸಿ ತಂದ ನಾಣ್ಯಗಳೂ ಉಂಟು. 1985ರ ಒಂದು ರೂಪಾಯಿಯಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಅದೇ ವರ್ಷದ ನಾಲ್ಕಾಣೆಯಲ್ಲಿ ಸಿ ಇದ್ದರೆ ಕೆನಡಾದ ಒಟ್ಟಾವಾದ್ದು. ನಾಲ್ಕಾಣೆಯ ಚಲಾವಣೆ 2011ರ ಜೂನ್ 30ಕ್ಕೇ ನಿಂತಿದೆ, ಪಾಕೀಟಿನಲ್ಲಿ ಸಿಕ್ಕರೆ ತಪ್ಪಿ ಬಂದದ್ದು. ಎಂಟಾಣೆ ಮಾತ್ರ ಇಂದಿಗೂ ನಡೆಯುತ್ತದೆ, ಅಂಗಡಿಯವರು ಏನೇ ಅನ್ನಲಿ.

ಸ್ಮರಣಾರ್ಥ ನಾಣ್ಯಗಳಲ್ಲಿ ನಮ್ಮ ಕಡೆ ಎಲ್ಲರೂ ಹುಡುಕುವುದು 2006ರ ಮಹಾತ್ಮ ಬಸವೇಶ್ವರರ ಐದು ರೂಪಾಯಿ. ಎರಡು ರೂಪಾಯಿಯಲ್ಲಿ 1996ರ ಸರ್ದಾರ್ ಪಟೇಲ್, 1999ರ ಛತ್ರಪತಿ ಶಿವಾಜಿ, 2000ದ ಸುಪ್ರೀಂ ಕೋರ್ಟ್, 2003ರ ರೈಲ್ವೆ ನೂರೈವತ್ತು ವರ್ಷದ ನಾಣ್ಯಗಳು ನೋಡುವಂಥವು. ಹತ್ತರ ನಾಣ್ಯವಂತೂ ಕೇಳಿದಷ್ಟು ಸಿಗುತ್ತದೆ, ಅಂಗಡಿಯವರು ಬೇಡವೆಂದು ಬ್ಯಾಂಕಿಗೇ ತಂದು ಸುರಿಯುತ್ತಾರೆ. ಅಲ್ಲಿಯವರೆಗೆ ಬಂದ ಹದಿನಾಲ್ಕು ವಿನ್ಯಾಸವೂ ನಡೆಯುತ್ತವೆ ಎಂದು ಆರ್‌ಬಿಐ 2018ರಲ್ಲೇ ಸ್ಪಷ್ಟಪಡಿಸಿದೆ. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಬರುತ್ತದೆ ಎನ್ನುವ ವಾಟ್ಸಾಪ್ ಮಾತು ಶುದ್ಧ ಸುಳ್ಳು. ಸವೆದ ಸ್ಮರಣಾರ್ಥ ನಾಣ್ಯಕ್ಕೆ ಮುಖಬೆಲೆಗಿಂತ ಅಷ್ಟಿಷ್ಟು ಮೇಲೆ ಸಿಕ್ಕರೆ ದೊಡ್ಡದು. ಹಳೇ ನಾಣ್ಯ ಕೊಳ್ಳುತ್ತೇವೆಂದು ಆರ್‌ಬಿಐ ಹೆಸರಿನಲ್ಲಿ ಕಮಿಷನ್, ತೆರಿಗೆ ಕೇಳುವವರ ಬಗ್ಗೆ ಆರ್‌ಬಿಐ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಮುಂಗಡ ಕೇಳಿದರೆ ಫೋನ್ ಇಡಿ.

ತೆಗೆದುಕೊಂಡ ಪ್ರತಿ ನಾಣ್ಯಕ್ಕೆ ಅದೇ ಬೆಲೆಯ ಇನ್ನೊಂದನ್ನು ಹಾಕಿ, ನೂರು ಸರಿಯಾಗಿ ಎಣಿಸಿ, ಒಂದು ಪಾಕೀಟಿಗೆ ಒಂದೇ ಬೆಲೆಯದು ತುಂಬಿ ವಾಪಸ್ ಕೊಡಿ. ಹತ್ತು ಹತ್ತರ ಸಾಲಿಟ್ಟು ಎಣಿಸಿ. ಗೋಪುರ ಕಟ್ಟಿ ಎತ್ತರ ಹೋಲಿಸಿದರೆ ತಪ್ಪುತ್ತದೆ, ಒಂದೊಂದು ಮಾದರಿಯ ದಪ್ಪ ಒಂದೊಂದು. ತಿಂಗಳ ಮೊದಲ ವಾರ ಪಿನ್ಶನ್ ಗದ್ದಲ, ಆಗ ಚಿಲ್ಲರೆ ಹೊತ್ತು ತರಬೇಡಿ. ಹದಿನೈದರ ಆಚೆ, ಮಧ್ಯಾಹ್ನದ ಊಟದ ನಂತರ ಬನ್ನಿ. ಚೊಕ್ಕ ಎಣಿಕೆಯ ಪಾಕೀಟು ತರುವ ಗಿರಾಕಿಗೆ ಮುಂದಿನ ಸಲ ಹುಂಡಿಯ ಚಿಲ್ಲರೆ ಬಂದಾಗ ಸುದ್ದಿ ತಾನಾಗಿ ಮುಟ್ಟುತ್ತದೆ. ನಮ್ಮ ಬ್ಯಾಂಕಿನ ಕೆಲಸದವರಿಗೂ ಒಂದು ಮಾತು: ಕೂತಲ್ಲೇ ಗಲ್ಲೆಯಿಂದ ಆರಿಸಿ ಕಿಸೆಗೆ ಹಾಕಿ, ಬದಲಿಗೆ ಸ್ವಂತ ನಾಣ್ಯ ಇಡುವುದು ಲೆಕ್ಕಕ್ಕೆ ಸರಿ ಹೋದರೂ ಸಲ್ಲದು. ಬೇಕಿದ್ದರೆ ಕೆಲಸ ಮುಗಿಸಿ, ಗಾಜಿನ ಆಚೆ ಬದಿಗೆ ಬಂದು ಎಲ್ಲರಂತೆ ಪಾಕೀಟು ಕೊಂಡುಕೊಳ್ಳಿ.

ಹುಂಡಿಯ ನಾಣ್ಯಕ್ಕೆ ಕುಂಕುಮ, ಎಣ್ಣೆ ಮೆತ್ತಿರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕಿ, ಸಾದಾ ನೀರಿನಲ್ಲಿ ಅದ್ದಿ ತೆಗೆದು, ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ, ಉಜ್ಜಬೇಡಿ. ಹುಣಸೆಹುಳಿ, ಬೂದಿ, ಟೂತ್‌ಪೇಸ್ಟ್ ಹಚ್ಚಿದ ನಾಣ್ಯ ಫಳಫಳ ಹೊಳೆಯುತ್ತದೆ, ಸಂಗ್ರಹಕಾರ ಅದನ್ನು ಮುಟ್ಟುವುದಿಲ್ಲ. ಮೆತ್ತನೆಯ ಪಿವಿಸಿ ಕವರಿನಲ್ಲಿ ಬಹಳ ದಿನ ಇಟ್ಟರೆ ತಾಮ್ರ-ನಿಕಲ್ ಮೇಲೆ ಹಸಿರು ಅಂಟು ಏಳುತ್ತದೆ. ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುವ ರಟ್ಟಿನ ಹೋಲ್ಡರ್ ತೆಗೆದುಕೊಳ್ಳಿ, ಸ್ಟೇಪಲ್ ಹೊಡೆದ ಮೇಲೆ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಇಲ್ಲದಿದ್ದರೆ ಪಕ್ಕದ ಹೋಲ್ಡರಿನ ಹಾಳೆ ಹರಿದು ಒಳಗಿನ ನಾಣ್ಯಕ್ಕೆ ಗೀರು ಬೀಳುತ್ತದೆ.