ತಾಳಮದ್ದಳೆಯ ವಿಡಿಯೊ: ಜಾರಿದ ಧ್ವನಿ, ಅರ್ಧಕ್ಕೆ ನಿಂತ ಎಕ್ಸ್‌ಪೋರ್ಟ್

ಶಿರಸಿ
2023 ಜುಲೈ 23, ಭಾನುವಾರ

ಮಳೆ ಹಿಡಿದು ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕುಳಿತೇ ನಡೆಸುವ ಯಕ್ಷಗಾನದ) ಕಾಲ. ಈ ವರ್ಷ ಶ್ರಾವಣವೇ ಅಧಿಕವಾಗಿ ಬಂದಿದೆ. ಜಗಲಿಗಳಲ್ಲಿ, ದೇವಸ್ಥಾನದ ಚಾವಡಿಗಳಲ್ಲಿ ಕೂಟಗಳೂ ಬಿಡುವಿಲ್ಲದೆ ನಡೆಯುತ್ತಿವೆ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೊ ಮಾಡಿಕೊಂಡವರು ಅದನ್ನು ಮನೆಯ ಕಂಪ್ಯೂಟರಿನಲ್ಲಿ ಹೊಂದಿಸಲು ಹೋಗಿ, ಎಲ್ಲೋ ಸಿಕ್ಕಿಕೊಂಡು, ಕೊನೆಗೆ ನನ್ನ ಬಳಿಗೆ ತರುವುದೂ ಅದಕ್ಕೆ ತಕ್ಕಂತೆ ಹೆಚ್ಚಾಗಿದೆ.

ಇಂದು ಬಂದವನು ಕೆಳಗಿನ ಮನೆಯ ಹುಡುಗ. ಕೃಷ್ಣ–ಕೌರವರ ಸಂವಾದವಿರುವ ಎರಡೂವರೆ ತಾಸಿನ ಕೂಟ; ಚಿತ್ರ ಅವನ ಮೊಬೈಲಿನದು, ಧ್ವನಿ ಮೈಕ್ ಸೆಟ್ಟಿನ ಮಿಕ್ಸರಿನಿಂದ ವೈರು ಎಳೆದು ಒಂದು ಸಣ್ಣ ರೆಕಾರ್ಡರಿನಲ್ಲಿ ಹಿಡಿದದ್ದು. ಅವನ ದೂರುಗಳು ಮೂರು. ಅರ್ಧ ತಾಸು ಕಳೆಯುವಷ್ಟರಲ್ಲಿ ಮಾತು ಒಂದು ಕಡೆ, ಬಾಯಿ ಇನ್ನೊಂದು ಕಡೆ ಆಗುತ್ತದೆ. ಲ್ಯಾಪ್‌ಟಾಪಿನಲ್ಲಿ ಕೇಳುವ ಅರ್ಥಧಾರಿಯ (ಪಾತ್ರದ ಮಾತಾಡುವವನ) ಮಾತು ಅಮ್ಮನ ಮೊಬೈಲಿನಲ್ಲಿ ಕೇಳುವುದೇ ಇಲ್ಲ. ಹೊಂದಿಸಿದ್ದನ್ನು ಒಂದೇ ಫೈಲಾಗಿ ಬರೆಯುವ ಎಕ್ಸ್‌ಪೋರ್ಟ್ ಅರ್ಧ ದಾಟುವ ಮೊದಲೇ ನಿಂತುಹೋಗುತ್ತದೆ. "ಸಾಫ್ಟ್‌ವೇರೇ ಸರಿ ಇಲ್ಲೆ ಕಾಣ್ತು ಮಾವ, ಬೇರೆ ಎಂತಾದ್ರೂ ಹಾಕಿಕೊಡು" ಎಂದ. ಅವನು ಬಳಸುತ್ತಿದ್ದದ್ದು ಉಚಿತವಾಗಿ ಸಿಗುವ ಶಾಟ್‌ಕಟ್ ಎಂಬ ವಿಡಿಯೊ ಎಡಿಟಿಂಗ್ ತಂತ್ರಾಂಶ. ಅದನ್ನು ತೆಗೆದು ಮತ್ತೊಂದನ್ನು ಹಾಕಿದ್ದರೂ ಈ ಮೂರರಲ್ಲಿ ಒಂದೂ ಹೋಗುತ್ತಿರಲಿಲ್ಲ. ಎಕ್ಸ್‌ಪೋರ್ಟಿನ ಹೊತ್ತಿಗೆ ಕಣ್ಣಿಗೆ ಬೀಳುವ ತೊಂದರೆಗಳಲ್ಲಿ ಬಹುಪಾಲು ಎಕ್ಸ್‌ಪೋರ್ಟಿನಲ್ಲಿ ಹುಟ್ಟಿದವಲ್ಲ. ಹಿಡಿದು ತಂದ ಫೈಲಿನಲ್ಲಿಯೋ, ಬರೆಯಲು ಹೊರಟ ಡಿಸ್ಕಿನಲ್ಲಿಯೋ ಅವು ಮೊದಲೇ ಕುಳಿತಿರುತ್ತವೆ.

ಮೊದಲು ಅವನ ಬ್ಲೂಟೂತ್ ಇಯರ್‌ಫೋನನ್ನು ತೆಗೆಸಿ ವೈರಿನದನ್ನು ಕೊಟ್ಟೆ. ಬ್ಲೂಟೂತಿನಲ್ಲಿ ಧ್ವನಿ ಕಿವಿಗೆ ಬರುವುದೇ ಸೆಕೆಂಡಿನ ಹತ್ತನೆಯ ಒಂದೆರಡು ಭಾಗದಷ್ಟು ತಡವಾಗಿ. ಹಾಗೆ ಕೇಳುತ್ತ ಹೊಂದಿಸಿದರೆ ಸರಿಯಿದ್ದದ್ದನ್ನೂ ಕೆಡಿಸಿಕೊಂಡಂತಾಗುತ್ತದೆ. ಆಮೇಲೆ ಮೊಬೈಲಿನ ಧ್ವನಿಯನ್ನು ಮತ್ತು ರೆಕಾರ್ಡರಿನ ಧ್ವನಿಯನ್ನು ಟೈಮ್‌ಲೈನಿನಲ್ಲಿ ಮೇಲೆ ಕೆಳಗೆ ಇಟ್ಟು, ಪದ್ಯ ಹಾಡುವ ಭಾಗವತರ ತಾಳದ ಮೊದಲ ಪೆಟ್ಟನ್ನು ಹುಡುಕಿದೆವು. ನಮ್ಮ ಬಡಗಿನ ಕೂಟಗಳಲ್ಲಿ ಇದೊಂದು ಅನುಕೂಲವಿದೆ. ಸಿನಿಮಾದವರು ಕ್ಲ್ಯಾಪ್ ಬೋರ್ಡ್ ಹೊಡೆದು ಮಾಡಿಕೊಳ್ಳುವ ಗುರುತನ್ನು ಭಾಗವತರು ಕೇಳದೆಯೇ ಸಾವಿರ ಸಲ ಮಾಡಿಕೊಟ್ಟಿರುತ್ತಾರೆ. ಧ್ವನಿಯ ಏರಿಳಿತವನ್ನು ರೇಖೆಯಾಗಿ ತೋರಿಸುವ ವೇವ್‌ಫಾರ್ಮಿನಲ್ಲಿ ತಾಳದ ಪೆಟ್ಟು ಮುಳ್ಳಿನಂತೆ ನೆಟ್ಟಗೆ ಎದ್ದು ನಿಂತಿರುತ್ತದೆ. ಮೊದಲ ಪೆಟ್ಟಿಗೆ ಎರಡನ್ನೂ ಕೂಡಿಸಿ, ಬಳಿಕ ನಡುವಿನ ಕೆಲವು ಪದ್ಯಗಳಲ್ಲಿ ಮತ್ತು ಮಂಗಳದ ಕೊನೆಯ ಪೆಟ್ಟಿನಲ್ಲಿ ಎಷ್ಟೆಷ್ಟು ವ್ಯತ್ಯಾಸವಿದೆ ಎಂದು ಅಳೆದೆವು.

ಈ ಅಳತೆಯನ್ನು ಮಾಡದೆ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು ಎಂಬುದು ನನ್ನ ಹಟ. ವ್ಯತ್ಯಾಸ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿದ್ದರೆ ಧ್ವನಿಯನ್ನು ಒಮ್ಮೆ ಸರಿಸಿದರೆ ಮುಗಿಯಿತು. ಅದು ಸಮನಾಗಿ ಬೆಳೆಯುತ್ತ ಹೋದರೆ ಎರಡು ಯಂತ್ರಗಳ ಗಡಿಯಾರಗಳು ಒಂದೇ ವೇಗದಲ್ಲಿಲ್ಲ ಎಂದು ಅರ್ಥ. ಹೆಚ್ಚುತ್ತ, ಕಡಿಮೆಯಾಗುತ್ತ, ಮತ್ತೆ ಹೆಚ್ಚುತ್ತ ಹೋದರೆ ಮೊಬೈಲಿನ ಚಿತ್ರವನ್ನು ಸಂಶಯಿಸಬೇಕು. ಇಂದಿನದರಲ್ಲಿ ಎರಡನೆಯದೂ ಇತ್ತು, ಮೂರನೆಯದೂ ಇತ್ತು. ಹುಡುಗ ಎಷ್ಟು ಸರಿಸಿದರೂ ನಿಲ್ಲದಿದ್ದದ್ದು ಅದಕ್ಕೇ.

ಮೊಬೈಲಿನ ಕ್ಯಾಮೆರಾ ಸೆಕೆಂಡಿಗೆ 30 ಚೌಕಟ್ಟು ಎಂದು ಹೇಳಿಕೊಂಡರೂ ಅಷ್ಟನ್ನೇ ಹಿಡಿಯುತ್ತದೆ ಎಂಬ ಖಾತ್ರಿಯಿಲ್ಲ. ಬೆಳಕು ಕಡಿಮೆಯಾದರೆ ಪ್ರತಿ ಚೌಕಟ್ಟಿಗೂ ಹೆಚ್ಚು ಹೊತ್ತು ಬೆಳಕು ತೆಗೆದುಕೊಂಡು ಚೌಕಟ್ಟುಗಳ ಸಂಖ್ಯೆಯನ್ನೇ ಇಳಿಸಿಬಿಡುತ್ತದೆ. ಜಗಲಿಯಲ್ಲಿ ಎರಡು ಬಲ್ಬು ಉರಿಯುವ ಕೂಟದಲ್ಲಿ, ನಡುವೆ ವೋಲ್ಟೇಜು ಇಳಿದರಂತೂ, ಹೀಗಾಗುವುದು ಸಹಜವೇ. ಪ್ರತಿ ಚೌಕಟ್ಟಿನ ಸಮಯವನ್ನು ಮೊಬೈಲು ಫೈಲಿನಲ್ಲಿ ಬರೆದಿಟ್ಟಿರುತ್ತದೆ, ಆದ್ದರಿಂದ ಪ್ಲೇಯರಿನಲ್ಲಿ ನೋಡುವಾಗ ಎಲ್ಲವೂ ಸರಿಯಾಗಿ ಕಾಣುತ್ತದೆ. ಎಡಿಟಿಂಗ್ ತಂತ್ರಾಂಶಗಳು ಚೌಕಟ್ಟುಗಳನ್ನು ಸಮ ಅಂತರದಲ್ಲಿ ಜೋಡಿಸಲು ಹೋದಾಗ ಮಾತ್ರ ಚಿತ್ರ ಧ್ವನಿಯಿಂದ ಜಾರುತ್ತದೆ. ಫೈಲು ಈ ಜಾತಿಯದೇ ಎಂದು ತಿಳಿಯಲು ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊ ತಂತ್ರಾಂಶದಲ್ಲಿ ತೆರೆದು ನೋಡಿದರೆ ಸಾಕು. ಫ್ರೇಮ್ ರೇಟ್ ಮೋಡ್ ಎಂಬಲ್ಲಿ ವೇರಿಯಬಲ್ ಎಂದಿರುತ್ತದೆ. ಇಂಥ ಫೈಲನ್ನು ಒಳಗೆ ತಂದಾಗ ಶಾಟ್‌ಕಟ್ ತಾನಾಗಿಯೇ ಒಂದು ಎಚ್ಚರಿಕೆಯ ಪೆಟ್ಟಿಗೆಯನ್ನು ತೋರಿಸಿ, ಎಡಿಟಿಂಗಿಗೆ ಒಗ್ಗುವಂತೆ ಬದಲಿಸಿಕೊಡಲೇ ಎಂದು ಕೇಳುತ್ತದೆ. ಅದನ್ನು ಓದಿ ಉತ್ತರ ಕೊಡುವವರು ಕಡಿಮೆ, ಮುಚ್ಚುವವರೇ ಹೆಚ್ಚು.

ವಿಡಿಯೊವನ್ನು ಬೇರೆ ರೂಪಕ್ಕೆ ಬದಲಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶ ತೆರೆದು, ಚೌಕಟ್ಟಿನ ವೇಗವನ್ನು 30ಕ್ಕೆ ನಿಲ್ಲಿಸಿ, ಅದರ ಕೆಳಗಿರುವ ಕಾನ್‌ಸ್ಟಂಟ್ ಎಂಬುದನ್ನು ಆರಿಸಿ, ಗುಣಮಟ್ಟದ ಅಂಕಿಯನ್ನು 18ಕ್ಕೆ ಇಟ್ಟು ಮಾಡಲು ಬಿಟ್ಟೆವು. ಈ ಅಂಕಿ ಕಡಿಮೆಯಾದಷ್ಟೂ ಚಿತ್ರ ಉತ್ತಮ, ಫೈಲು ದೊಡ್ಡದು. ಅದು ಮುಗಿಯುವಷ್ಟರಲ್ಲಿ ಊಟವಾಯಿತು, ಒಮ್ಮೆ ತೋಟದ ಕಡೆ ಹೋಗಿ ಬಂದದ್ದೂ ಆಯಿತು. ಹೊಸ ಫೈಲನ್ನು ಇಟ್ಟು ಮತ್ತೆ ಅಳೆದಾಗ ಹೆಚ್ಚು ಕಡಿಮೆಯ ಆಟ ನಿಂತಿತ್ತು. ಉಳಿದದ್ದು ಸಮನಾಗಿ ಬೆಳೆಯುವ ಒಂದು ವ್ಯತ್ಯಾಸ ಮಾತ್ರ. ಕೊನೆಯ ತಾಳದ ಪೆಟ್ಟಿನಲ್ಲಿ ಅದು ಅರ್ಧ ಸೆಕೆಂಡಿಗಿಂತ ತುಸು ಕಡಿಮೆ. ಎರಡೂವರೆ ತಾಸೆಂದರೆ 9,000 ಸೆಕೆಂಡು, ಅದರಲ್ಲಿ 0.45 ಸೆಕೆಂಡು ಎಂದರೆ ಹತ್ತು ಲಕ್ಷದಲ್ಲಿ 50 ಭಾಗ. ಅಗ್ಗದ ರೆಕಾರ್ಡರಿನೊಳಗಿನ ಸ್ಫಟಿಕದ ಗಡಿಯಾರಕ್ಕೂ ಮೊಬೈಲಿನ ಗಡಿಯಾರಕ್ಕೂ ಇಷ್ಟು ಅಂತರವಿದ್ದರೆ ಯಾವ ಯಂತ್ರವನ್ನೂ ದೂರುವಂತಿಲ್ಲ.

ಸ್ಯಾಂಪಲ್ ರೇಟಿನ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ಬರೆಯುತ್ತದೆ ಎಂಬುದರ) ಸಂಶಯವನ್ನು ಹುಡುಗನೇ ಎತ್ತಿದ. ರೆಕಾರ್ಡರು 44,100ರಲ್ಲಿ ಹಿಡಿದಿದೆ, ವಿಡಿಯೊ ಇರುವುದು 48,000ದಲ್ಲಿ. ಇಂದಿನ ತಂತ್ರಾಂಶಗಳು ಇದನ್ನು ತಾವೇ ಪರಿವರ್ತಿಸಿಕೊಳ್ಳುತ್ತವೆ. ಪರಿವರ್ತಿಸದೆ ಒಂದನ್ನು ಇನ್ನೊಂದೆಂದು ತಿಳಿದು ನುಡಿಸಿದ್ದರೆ ಎರಡೂವರೆ ತಾಸಿನ ಧ್ವನಿ ಸುಮಾರು 2 ತಾಸು 18 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಕಪ್ಪು ಒಂದರಲ್ಲಿ ಹಾಡಿದ ಭಾಗವತರು ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ, ಹಾರ್ಮೋನಿಯಂನಲ್ಲಿ ಮನೆಯೇ ಇಲ್ಲದ ಶ್ರುತಿಯಲ್ಲಿ ಕೇಳಿಸುತ್ತಿದ್ದರು. ನಮ್ಮ ಕಡೆಯ ಕಿವಿಗಳು ಅದನ್ನು ಮೊದಲ ಪದ್ಯದಲ್ಲೇ ಹಿಡಿದುಬಿಡುತ್ತವೆ.

ಆ ಅರ್ಧ ಸೆಕೆಂಡನ್ನು ತೆಗೆಯಲು ಇಡೀ ಧ್ವನಿಯ ವೇಗವನ್ನು ಹಿಗ್ಗಿಸಿ ಕುಗ್ಗಿಸುವ ದಾರಿಯಿದೆ, ಆದರೆ ಶೇಕಡಾ 0.005ರಷ್ಟು ಬದಲಾವಣೆಯನ್ನು ಬರೆಯಲು ಎಷ್ಟೋ ತಂತ್ರಾಂಶಗಳ ಪೆಟ್ಟಿಗೆಯಲ್ಲಿ ಜಾಗವೇ ಇರುವುದಿಲ್ಲ. ನಾನು ಮಾಡುವುದು ಬೇರೆ. ಅರ್ಥಧಾರಿ ಮಾತು ಮುಗಿಸಿ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುವ ನಡುವೆ ಒಂದು ಬಿಡುವು ಇರುತ್ತದೆ. ಅರ್ಧ ತಾಸಿಗೊಮ್ಮೆ ಅಂಥ ಬಿಡುವನ್ನು ನೋಡಿ ಧ್ವನಿಯನ್ನು ಕತ್ತರಿಸಿ, ಮುಂದಿನ ತುಂಡನ್ನು ಸುಮಾರು ಮೂರು ಚೌಕಟ್ಟು ಸರಿಸಿದರೆ ಸಾಕು. ಯಾರಿಗೂ ತಿಳಿಯುವುದಿಲ್ಲ. ಸರಿಸುವಾಗ ಬಿಡುವಿನಲ್ಲಿ ತೆರಪು ಬಿದ್ದರೆ ಅಲ್ಲಿಗೆ ಮೊಬೈಲಿನ ಧ್ವನಿಯನ್ನೇ ತುಂಬಬೇಕು. ಪೂರ್ತಿ ಮೌನ ಬಿಟ್ಟರೆ ಜಗಲಿಯ ಹೊರಗಿನ ಮಳೆ ಒಮ್ಮೆಗೇ ನಿಂತಂತೆ ಕೇಳಿಸುತ್ತದೆ.

ಎರಡನೆಯ ದೂರು ನನಗೆ ಹೆಚ್ಚು ಹಿಡಿಸಿತು. "ಲ್ಯಾಪ್‌ಟಾಪಲ್ಲಿ ಕೇಳ್ತು, ಆಯಿ ಮೊಬೈಲಲ್ಲಿ ಕೇಳ್ತಿಲ್ಲೆ. ಎಂತಕ್ಕೆ ಹೀಂಗಾಗ್ತು?" ಎಂದು ಅವನು ಕೇಳಿದಾಗಲೇ ಉತ್ತರದ ಸುಳಿವು ಸಿಕ್ಕಿತ್ತು. ಆಯಿಯ, ಎಂದರೆ ಅವನ ಅಮ್ಮನ, ಹಳೆಯ ಮೊಬೈಲಿಗೆ ಇರುವುದು ಒಂದೇ ಸ್ಪೀಕರು. ರೆಕಾರ್ಡರಿನ ಧ್ವನಿಯನ್ನು ಅಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು, ಒಂದು ಅಕ್ಷರದ ಉಚ್ಚಾರವಷ್ಟೇ ಪರದೆ ತುಂಬುವಷ್ಟು ಹಿಗ್ಗಿಸಿ ತೋರಿಸಿದೆ: ಎಡದ ರೇಖೆ ಏರುವಲ್ಲಿ ಬಲದ ರೇಖೆ ಅಷ್ಟೇ ಇಳಿಯುತ್ತಿತ್ತು. ಮಿಕ್ಸರಿನ ಬ್ಯಾಲೆನ್ಸ್ಡ್ ಔಟ್‌ಪುಟ್ ಒಂದೇ ಧ್ವನಿಯನ್ನು ಎರಡು ವೈರುಗಳಲ್ಲಿ, ಒಂದರಲ್ಲಿ ನೇರವಾಗಿ ಮತ್ತೊಂದರಲ್ಲಿ ತಲೆಕೆಳಗಾಗಿ ಕಳುಹಿಸುತ್ತದೆ. ದಾರಿಯಲ್ಲಿ ಸೇರುವ ಗುಂಯ್‌ಗುಡುವಿಕೆಯನ್ನು ಆಚೆಯ ತುದಿಯಲ್ಲಿ ಕಳೆದುಹಾಕಲು ಮಾಡಿದ ಏರ್ಪಾಡು ಅದು. ಅದನ್ನು ಸಾದಾ ಸ್ಟೀರಿಯೊ ವೈರಿನಿಂದ ರೆಕಾರ್ಡರಿಗೆ ಸಿಕ್ಕಿಸಿದರೆ ನೇರವಾದದ್ದು ಎಡಕ್ಕೂ ತಲೆಕೆಳಗಾದದ್ದು ಬಲಕ್ಕೂ ಹೋಗಿ ಕುಳಿತುಕೊಳ್ಳುತ್ತದೆ. ಎರಡು ಕಿವಿಗೆ ಬೇರೆಬೇರೆಯಾಗಿ ಕೇಳಿದರೆ ಮಾತು ತುಸು ಟೊಳ್ಳಾಗಿ ಕೇಳುತ್ತದೆ ಅಷ್ಟೇ. ಒಂದೇ ಸ್ಪೀಕರಿನ ಮೊಬೈಲು ಎಡ–ಬಲಗಳನ್ನು ಕೂಡಿಸುತ್ತದೆ, ಕೂಡಿಸಿದಾಗ ಒಂದನ್ನು ಇನ್ನೊಂದು ನುಂಗಿ ಶೂನ್ಯವಾಗುತ್ತದೆ. ಹುಡುಗ ಮೊಬೈಲಿನ ಧ್ವನಿಯನ್ನೂ ಸಣ್ಣಗೆ ಬೆರೆಸಿದ್ದರಿಂದ ಆಯಿಗೆ ಚಂಡೆಯ ಸದ್ದು ಮಾತ್ರ ದೂರದ ಊರಿನಿಂದ ಬಂದಂತೆ ಕೇಳುತ್ತಿತ್ತು. ಕೌರವನ ವಾದವೆಲ್ಲ ಅಡಗಿಹೋಗಿತ್ತು. ಶಾಟ್‌ಕಟ್‌ನಲ್ಲಿ ಕಾಪಿ ಚಾನೆಲ್ ಎಂಬ ಫಿಲ್ಟರ್ ಹಾಕಿ ಎಡದ ಧ್ವನಿಯನ್ನೇ ಬಲಕ್ಕೂ ಕೊಟ್ಟೆವು. ಮಾತು ಮರಳಿತು.

ಚಂಡೆಯ ಕೆಲವು ಉರುಳಿಕೆಗಳಲ್ಲಿ ಧ್ವನಿ ಒಡೆದಿದೆ, ವೇವ್‌ಫಾರ್ಮಿನ ನೆತ್ತಿ ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿದೆ. ಅದಕ್ಕೆ ಮದ್ದಿಲ್ಲ, ಧ್ವನಿಯನ್ನು ಇಳಿಸಿದರೆ ಒಡೆದದ್ದೇ ಮೆಲ್ಲಗೆ ಕೇಳುತ್ತದೆ. ಒಡಕು ಸರಿಪಡಿಸುವ ಸಾಧನಗಳು ಕಳೆದುಹೋದ ಭಾಗವನ್ನು ಊಹಿಸಿ ತುಂಬುತ್ತವೆ, ಅವುಗಳ ಊಹೆ ಚಂಡೆಯ ಮಟ್ಟಿಗೆ ನನಗೆ ಒಪ್ಪಿಗೆಯಾಗಿಲ್ಲ. ಆ ಜಾಗಗಳಲ್ಲಿ ಮೊಬೈಲಿನ ಧ್ವನಿಯನ್ನು ಮೇಲೆ ತಂದು ರೆಕಾರ್ಡರಿನದನ್ನು ಕೆಳಗಿಳಿಸಿದೆ.

ಇನ್ನು ಎಕ್ಸ್‌ಪೋರ್ಟ್. ನಿಲ್ಲುವುದು ಪ್ರತಿ ಸಲವೂ ಒಂದೇ ಕಡೆಯೋ, ಒಂದೊಂದು ಸಲ ಒಂದೊಂದು ಕಡೆಯೋ ಎಂದು ಮೊದಲು ಕೇಳಬೇಕು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮೆಮೊರಿ, ಬಿಸಿಯಾದ ಲ್ಯಾಪ್‌ಟಾಪು ಅಥವಾ ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸಿ ಬರೆಯುವ ಭಾಗ) ಕಡೆ ನೋಡಬೇಕು. ಹಾರ್ಡ್‌ವೇರ್ ಎನ್‌ಕೋಡರ್ ಎಂಬ ಗುರುತನ್ನು ತೆಗೆದು ಮಾಡಿದರೆ ನಿಧಾನವಾದರೂ ಕೆಲಸ ಮುಗಿಯುತ್ತದೆ. ಒಂದೇ ಕಡೆ ನಿಂತರೆ ಟೈಮ್‌ಲೈನಿನ ಆ ಜಾಗದ ತುಣುಕನ್ನೋ ಫಿಲ್ಟರನ್ನೋ ಸಂಶಯಿಸುವುದು ವಾಡಿಕೆ. ಇವನದು ಪ್ರತಿ ಸಲವೂ ಶೇಕಡಾ 46–47ಕ್ಕೆ ನಿಲ್ಲುತ್ತಿತ್ತು, ಆದರೆ ಆ ಜಾಗದಲ್ಲಿ ಕೃಷ್ಣ ಕುಳಿತು ಮಾತಾಡುತ್ತಿರುವುದನ್ನು ಬಿಟ್ಟರೆ ಏನೂ ಇರಲಿಲ್ಲ. ಅರ್ಧಕ್ಕೆ ನಿಂತ ಫೈಲಿನ ಗಾತ್ರವನ್ನು ನೋಡಿದೆವು: ಸರಿಯಾಗಿ 4 ಜಿಬಿ. ಅವನು ನೇರವಾಗಿ ಪೆನ್‌ಡ್ರೈವಿಗೇ ಎಕ್ಸ್‌ಪೋರ್ಟ್ ಮಾಡುತ್ತಿದ್ದ, ಪೆನ್‌ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ ಫ್ಯಾಟ್32. ಅದರಲ್ಲಿ ಒಂದು ಫೈಲು 4,29,49,67,295 ಬೈಟನ್ನು ಮೀರುವಂತಿಲ್ಲ, ಪೆನ್‌ಡ್ರೈವಿನಲ್ಲಿ ಇನ್ನೆಷ್ಟೇ ಜಾಗ ಖಾಲಿಯಿರಲಿ. ಸೆಕೆಂಡಿಗೆ 8 ಮೆಗಾಬಿಟ್ಟಿನಂತೆ ಎರಡೂವರೆ ತಾಸಿಗೆ ಧ್ವನಿಯೂ ಸೇರಿ 9 ಜಿಬಿಗಿಂತ ಹೆಚ್ಚು ಬೇಕು. ಅರ್ಧಕ್ಕಿಂತ ಸ್ವಲ್ಪ ಮೊದಲೇ ಕಟ್ಟೆ ತುಂಬಿತು.

ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಈ ಮಿತಿ ಇರುವುದಿಲ್ಲ, ಆದರೆ ಅವರ ಮನೆಯ ಹಳೆಯ ಟಿವಿ ಎಕ್ಸ್‌ಫ್ಯಾಟನ್ನು ಓದುವುದಿಲ್ಲ. ಹಾಗಾಗಿ ಬಿಟ್‌ರೇಟನ್ನೇ ಸೆಕೆಂಡಿಗೆ 3 ಮೆಗಾಬಿಟ್ಟಿಗೆ ಇಳಿಸಿದೆವು. ಇಡೀ ಕೂಟ ಮೂರೂವರೆ ಜಿಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಬಯಲಾಟವಾಗಿದ್ದರೆ ನಾನು ಇದಕ್ಕೆ ಒಪ್ಪುತ್ತಿರಲಿಲ್ಲ. ರಂಗವೆಲ್ಲ ಸುತ್ತುವ ಕುಣಿತ, ಮಿನುಗುವ ವೇಷ ಇವು ಅಷ್ಟರಲ್ಲಿ ಚೌಕಚೌಕವಾಗಿ ಒಡೆದುಹೋಗುತ್ತವೆ. ತಾಳಮದ್ದಳೆಯಲ್ಲಿ ಕುಳಿತವರು ಕುಳಿತಲ್ಲೇ ಇರುತ್ತಾರೆ, ಹಿಂದಿನ ಗೋಡೆಯೂ ಅಲ್ಲೇ ಇರುತ್ತದೆ. ಎನ್‌ಕೋಡರಿಗೆ ಹೊಸದಾಗಿ ಬರೆಯಲು ಹೆಚ್ಚೇನೂ ಸಿಗುವುದಿಲ್ಲ.

ಎಕ್ಸ್‌ಪೋರ್ಟನ್ನು ಹಾರ್ಡ್‌ಡಿಸ್ಕಿಗೇ, ಅದೂ ಎಂಪಿ4 ಬದಲು ಎಂಕೆವಿಯಲ್ಲಿ ಮಾಡಿಸಿದೆ. ಈ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳುವಂತಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ತಾಸಿನದು. ಎಂಪಿ4 ಫೈಲಿನ ಸೂಚಿ ಸಾಮಾನ್ಯವಾಗಿ ಎಲ್ಲ ಬರೆದು ಮುಗಿದ ಮೇಲೆ ಕೊನೆಯಲ್ಲಿ ಸೇರುತ್ತದೆ. ನಡುವೆ ಯಂತ್ರ ಆರಿದರೆ ಬರೆದಷ್ಟೂ ತೆರೆಯದ ಫೈಲಾಗಿ ಉಳಿಯುತ್ತದೆ. ಎಂಕೆವಿಯಲ್ಲಿ ಆದಷ್ಟು ಭಾಗವಾದರೂ ನೋಡಲು ಸಿಗುತ್ತದೆ. ಪೂರ್ತಿ ಮುಗಿದ ಬಳಿಕ ಎಫ್ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಮರು ಎನ್‌ಕೋಡ್ ಮಾಡದೆ ಎಂಪಿ4 ಪೆಟ್ಟಿಗೆಗೆ ವರ್ಗಾಯಿಸಲು ಕೆಲವೇ ನಿಮಿಷ ಸಾಕು.

ಮುಂದಿನ ಶನಿವಾರ ಅವರ ನೆಂಟರ ಮನೆಯಲ್ಲಿ ಇನ್ನೊಂದು ಕೂಟವಿದೆಯಂತೆ. ಮೈಕ್ ಸೆಟ್ಟಿನವರ ಎಕ್ಸ್‌ಎಲ್‌ಆರ್ ವೈರಿನ 2ನೆಯ ಪಿನ್ನನ್ನು ರೆಕಾರ್ಡರಿನ ಜಾಕಿನ ಎಡ–ಬಲ ಎರಡಕ್ಕೂ, 1ನೆಯದನ್ನು ಜಾಕಿನ ಬುಡಕ್ಕೆ ಕೂಡಿಸಿ, 3ನೆಯದನ್ನು ಬಲಕ್ಕೆ ತರದಂತೆ ಒಂದು ವೈರು ಮಾಡಿಕೊಡುತ್ತೇನೆ ಎಂದಿದ್ದೇನೆ. ಚಂಡೆಯ ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ −6 ಡೆಸಿಬೆಲ್ ದಾಟದಂತೆ ರೆಕಾರ್ಡರನ್ನು ಇಳಿಸಿಡಬೇಕು, ಅರ್ಥಧಾರಿಗಳ ಎದುರಿಗೆ ಇನ್ನೂ ಒಂದು ದೀಪ ಹಾಕಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ದೀಪದ ವಿಷಯಕ್ಕೆ ಅರ್ಥಧಾರಿಗಳು ಒಪ್ಪುತ್ತಾರೋ ಇಲ್ಲವೋ, ಅದನ್ನು ಅವನೇ ಕೇಳಬೇಕು.