ಅಮ್ಮ ಬೋರ್ಡ್ ಮೇಲೆ ಬರೆದ ಊರುಗಳು

ನಮ್ಮಮ್ಮ 31 ವರ್ಷ ಪ್ರೈಮರಿ ಶಾಲೆಯ ಮೇಡಂ ಆಗಿದ್ದವಳು. ಅಷ್ಟೂ ವರ್ಷ ತಿಪಟೂರಿನ ಸುತ್ತಮುತ್ತಲ ಹಳ್ಳಿಗಳಲ್ಲೇ ಕಳೆಯಿತು. ಗೋಳಗುಮ್ಮಟವನ್ನು ಕಣ್ಣು ಮುಚ್ಚಿಕೊಂಡು ಬೋರ್ಡ್ ಮೇಲೆ ಬರೆಯುತ್ತಿದ್ದಳು. ಒಂದು ಚೌಕ, ಅದರ ಮೇಲೆ ಅರ್ಧ ಚೆಂಡು, ನಾಲ್ಕು ಮೂಲೆಗೆ ನಾಲ್ಕು ಗೋಪುರ. ನಾನೂ ಅವಳ ಕ್ಲಾಸಿನಲ್ಲೇ ಕೂತು ಅದನ್ನು ನಕಲು ಮಾಡಿದವನು. ‘ಅಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳಿಸುತ್ತೆ’ ಅಂತ ಅವಳು ಹೇಳಿದ ತಕ್ಷಣ ಇಡೀ ಕ್ಲಾಸು ಚಪ್ಪಾಳೆ ತಟ್ಟಿ ನೋಡುತ್ತಿತ್ತು. ನಮ್ಮದು ಹೆಂಚಿನ ಶಾಲೆ. ಎರಡನೇ ಸಲವೂ ಕೇಳಿಸುತ್ತಿರಲಿಲ್ಲ.

ಹಾಗಂತ ಅವಳು ಗೋಳಗುಮ್ಮಟ ನೋಡಿರಲಿಲ್ಲ. ಕಾಶಿ, ರಾಮೇಶ್ವರ ಎಲ್ಲ ಆಗಿದೆ. ಶಾಲೆಯ ಟೂರ್ ಅಂದರೆ ಪ್ರತಿ ವರ್ಷ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಜಾಸ್ತಿ ಅಂದರೆ ಮೈಸೂರು. ಟೂರು ಹಿರಿಯೂರು ದಾಟಿ ಮೇಲಕ್ಕೆ ಹೋಗಿದ್ದೇ ಇಲ್ಲ. ಹೋದ ಡಿಸೆಂಬರಿನಲ್ಲಿ ನಾನು ಒಂದು ವಾರ ರಜೆ ಹಾಕಿ, ಕಾರು ತೊಳೆಸಿ, ‘ನಡಿಯಮ್ಮ’ ಅಂದೆ. ಮಂಡಿ ನೋವಿನ ಎಣ್ಣೆ, ಎರಡು ಫ್ಲಾಸ್ಕು, ಒಂದು ದೊಡ್ಡ ಡಬ್ಬಿ ಕೊಬ್ಬರಿ ಮಿಠಾಯಿ ಹಿಂದಿನ ಸೀಟಿಗೆ ಬಂದವು. ತಿಪಟೂರಿನವರು ಕೊಬ್ಬರಿ ಇಲ್ಲದೆ ಊರು ಬಿಡುವುದು ಹೇಗೆ ಅಲ್ವಾ?

ಹುಳಿಯಾರು, ಹಿರಿಯೂರು ದಾಟಿ ಹತ್ತು ಗಂಟೆಗೆಲ್ಲ ಚಿತ್ರದುರ್ಗದಲ್ಲಿದ್ದೆವು. ಏಳು ಸುತ್ತಿನ ಕೋಟೆಯಲ್ಲಿ ಅಮ್ಮನಿಗೆ ನೋಡಬೇಕಿದ್ದದ್ದು ಒಂದೇ, ಓಬವ್ವನ ಕಿಂಡಿ. ಬೇರೆ ಬಾಗಿಲು, ಬತೇರಿ, ಮದ್ದು ಬೀಸುವ ಕಲ್ಲು, ಎಣ್ಣೆ ಕೊಳ ಯಾವುದಕ್ಕೂ ಸರಿಯಾಗಿ ನಿಲ್ಲಲಿಲ್ಲ. ಕಿಂಡಿಯ ಮುಂದೆ ನಿಂತು, ‘ಇಷ್ಟೇನಾ?’ ಅಂದಳು. ಬೇಜಾರಿನಿಂದ ಅಲ್ಲ. ಎರಡು ಬಂಡೆಗಳ ನಡುವೆ ಒಬ್ಬ ಮನುಷ್ಯ ತಲೆ ತಗ್ಗಿಸಿಕೊಂಡು, ಮೈ ಕುಗ್ಗಿಸಿಕೊಂಡು ಬರಬೇಕಾದ ಜಾಗ ಅದು. ಬರುವವನ ತಲೆ ಮೊದಲು ಕಾಣುತ್ತದೆ, ಕೈ ಆಮೇಲೆ. ‘ಕತ್ತಿ ಎತ್ತಕ್ಕೇ ಆಗಲ್ಲ ಕಣೋ. ಅದಕ್ಕೇ ಒನಕೆ ಸಾಕಾಯ್ತು’ ಅಂದಳು. ಪಕ್ಕದಲ್ಲೇ ತಣ್ಣೀರು ದೋಣಿ. ಗಂಡ ಊಟಕ್ಕೆ ಕೂತಾಗ ಓಬವ್ವ ನೀರಿಗೆ ಬಂದಳು ಅನ್ನುವ ಕಥೆಗೆ ದೂರ ಸರಿಯಾಗಿದೆಯೋ ಇಲ್ಲವೋ ಅಂತ ಹೆಜ್ಜೆ ಹಾಕಿ ಅಳೆದಳು. ಸರಿಯಾಗಿದೆಯಂತೆ. ಹೈದರಾಲಿ ಕೊನೆಗೆ 1779ರಲ್ಲಿ ಕೋಟೆ ಹಿಡಿದ, ಮದಕರಿ ನಾಯಕ ಸೆರೆಯಾದ. ಆ ಪಾಠ ಮಾಡುವಾಗ ಅಮ್ಮ ಯಾವಾಗಲೂ ಸ್ವಲ್ಪ ಬೇಗ ಬೇಗ ಓದಿಬಿಡುತ್ತಿದ್ದಳು. ಅವತ್ತೂ ಬೇಗ ಇಳಿದುಬಿಟ್ಟಳು.

ರಾತ್ರಿ ಹೊಸಪೇಟೆಯಲ್ಲಿ ಉಳಿದೆವು. ಲಾಡ್ಜಿನವರು ಬಿಸಿನೀರು 24 ಗಂಟೆ ಅಂದಿದ್ದರು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹಿಮಾಲಯದ ನೀರು. ಅಮ್ಮ ಅದರಲ್ಲೇ ಸ್ನಾನ ಮುಗಿಸಿ, ರಿಸೆಪ್ಷನ್ ಹುಡುಗನಿಗೆ ಮೂರನೇ ಕ್ಲಾಸಿನ ಹುಡುಗನಿಗೆ ಹೇಳುವ ಹಾಗೆ ಎರಡು ಮಾತು ಹೇಳಿ ಬಂದಳು.

ಹಂಪಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಎರಡೇ ವಿಷಯ ಹೇಳುತ್ತೇನೆ. ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಯಲ್ಲಿ, ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಜನ ಅದನ್ನು ದೇವರ ಪವಾಡ ಅಂತ ಕೈಮುಗಿಯುತ್ತಿದ್ದರು. ಅಮ್ಮನೂ ಕೈಮುಗಿದಳು. ಮುಗಿದ ಕೈಯಲ್ಲೇ ಎದುರಿನ ಗೋಡೆಯ ಸಣ್ಣ ಕಿಂಡಿ ತೋರಿಸಿ, ಪಕ್ಕದಲ್ಲಿದ್ದ ಹುಡುಗಿಗೆ ಬೆಳಕು ನೇರವಾಗಿ ಹೋಗುತ್ತೆ ಅನ್ನುವ ಪಾಠ ಶುರು ಮಾಡಿದಳು. ಬೆಂಕಿಪೊಟ್ಟಣದಲ್ಲಿ ತೂತು ಮಾಡಿ ತೋರಿಸುತ್ತಿದ್ದ ಪಾಠ ಅದು. ಇಲ್ಲಿ ಬೆಂಕಿಪೊಟ್ಟಣ ಸ್ವಲ್ಪ ದೊಡ್ಡದು, ಅಷ್ಟೇ.

ಇನ್ನೊಂದು ಕಲ್ಲಿನ ರಥ. ವಿಠ್ಠಲ ದೇವಸ್ಥಾನದ ಬ್ಯಾಟರಿ ಗಾಡಿಗೆ ಮುಕ್ಕಾಲು ಗಂಟೆ ಸಾಲು ನಿಂತಿದ್ದೆವು. ನಡೆದೇ ಹೋಗಿದ್ದರೆ ಅಷ್ಟರಲ್ಲಿ ನೋಡಿ ವಾಪಸ್ ಬರಬಹುದಿತ್ತು, ಆದರೆ ಮಂಡಿ ಇದೆಯಲ್ಲ. ರಥದ ಮುಂದೆ ಹೋದ ಕೂಡಲೇ ಅಮ್ಮ ಪರ್ಸಿನಿಂದ 50 ರೂಪಾಯಿ ನೋಟು ತೆಗೆದು, ಕನ್ನಡಕ ಏರಿಸಿ, ಅದನ್ನೂ ಇದನ್ನೂ ನೋಡಿದಳು. ಆಮೇಲೆ ಆನೆಗಳ ಹಿಂದೆ ಬಗ್ಗಿ, ‘ಇಲ್ಲಿ ಬಾ, ಆನೆಗೆ ಕುದುರೆ ಬಾಲ!’ ಅಂದಳು. ನಿಜ. ಮೊದಲು ಅಲ್ಲಿ ಇದ್ದದ್ದು ಕುದುರೆಗಳು. ಅವು ಹಾಳಾದ ಮೇಲೆ ಆನೆಗಳನ್ನು ತಂದು ನಿಲ್ಲಿಸಿದ್ದಾರೆ. ಕುದುರೆಗಳ ಹಿಂಗಾಲು, ಬಾಲ ಇನ್ನೂ ಹಾಗೇ ಉಳಿದಿವೆ. ನಾನು ಹಂಪಿಗೆ ಅದು ಮೂರನೇ ಸಲ ಹೋದದ್ದು. ಒಮ್ಮೆಯೂ ನೋಡಿರಲಿಲ್ಲ. ಸೆಲ್ಫಿ ತೆಗೆದು ಬಂದಿದ್ದೆ.

ಹಂಪಿಯಿಂದ ಕುಷ್ಟಗಿ, ಗಜೇಂದ್ರಗಡದ ಮೇಲೆ ಬಾದಾಮಿಗೆ ಹೊರಟೆವು. ಕುಷ್ಟಗಿ ದಾಟುತ್ತಿದ್ದಂತೆ ನೆಲ ಕಪ್ಪಾಯಿತು, ಹೊಲದ ತುಂಬ ಬಿಳಿಜೋಳ, ಕಡಲೆ. ನಮ್ಮ ಕಡೆಯ ಹಾಗೆ ತೆಂಗಿನ ತೋಟ ಅಡ್ಡ ಬರುವುದಿಲ್ಲ. ಕಣ್ಣು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ನೆಲ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮರಾನೇ ಇಲ್ವಲ್ಲೋ, ಈ ಜನ ನೆರಳಿಗೆ ಏನ್ಮಾಡ್ತಾರೆ?’ ಅಂದಳು.

ಬಾದಾಮಿಯ ಗುಹೆಗಳ ಕೆಳಗೆ ಕಾರು ನಿಲ್ಲಿಸಿದೆ. ಹಿಂದಿನ ಕಿಟಕಿಯ ಗಾಜು ಅರ್ಧ ಇಳಿದೇ ಇತ್ತು. ನನ್ನ ತಪ್ಪೇ.

ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಅಮ್ಮ ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು ಅಂತ ಬೆರಳು ಮಡಚಿ ಎಣಿಸಿದಳು. ಮೂರನೇ ಗುಹೆಗೆ ಬರುವಷ್ಟರಲ್ಲಿ ಮೂರು ಕಡೆ ಕೂತೆದ್ದಿದ್ದಳು. ಅಲ್ಲಿ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದ್ದು. ಗುಹೆ ಕೊರೆದ ಕಾಲ ಇಷ್ಟು ಖಚಿತವಾಗಿ ಗೊತ್ತಾಗುವುದು ಅದರಿಂದಲೇ. ಕಲ್ಲಿನ ಮೇಲೆ ಕೆಂಪು, ಹಳದಿ, ನೇರಳೆ ಪಟ್ಟೆಗಳು ಅಲೆಯ ಹಾಗೆ ಹರಿದಿವೆ. ಬಣ್ಣ ಬಳಿದದ್ದಲ್ಲ, ಮರಳುಗಲ್ಲಿನದ್ದೇ ಬಣ್ಣ.

ಅಮ್ಮನಿಗೆ ಇದೆಲ್ಲಕ್ಕಿಂತ ಕಪ್ಪೆ ಅರಭಟ್ಟನ ಶಾಸನ ಮುಖ್ಯ. ಅದು ಅಗಸ್ತ್ಯತೀರ್ಥದ ಆಚೆ ಕಡೆ, ಕೆರೆಯ ಮೇಲಿನ ಬಂಡೆಯಲ್ಲಿದೆ. ಗುಹೆ ನೋಡಿದವರೆಲ್ಲ ಅಲ್ಲಿಗೆ ಹೋಗುವುದಿಲ್ಲ. ನಾವು ಕೆರೆಯ ದಂಡೆ ಹಿಡಿದು ನಿಧಾನವಾಗಿ ನಡೆದೆವು. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಂದೊಂದು ಏಟೂ ಎದುರಿನ ಬಂಡೆಗೆ ಬಡಿದು ವಾಪಸ್ ಬರುತ್ತಿತ್ತು. ಅಮ್ಮ ಬಂಡೆಯ ಕೆಳಗೆ ನಿಂತು, ಸೆರಗು ಸರಿಮಾಡಿಕೊಂಡು, ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ’ ಅಂತ ರಾಗವಾಗಿ ಹೇಳಿದಳು. ಸುಮಾರು 1300 ವರ್ಷದ ತ್ರಿಪದಿ. ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ ಕೈ ನಿಲ್ಲಿಸಿ, ‘ಛಲೋ ಹಾಡ್ತೀರಿ ಬಿಡ್ರಿ’ ಅಂದಳು. ಅಮ್ಮ ನಾಚಿಕೊಂಡಳು.

ವಾಪಸ್ ಬಂದರೆ ಕಾರಿನ ಮೇಲೆ ಒಂದು ಕೋತಿ ಕೂತಿತ್ತು. ಕೈಯಲ್ಲಿ ನಮ್ಮ ಡಬ್ಬಿಯ ಮುಚ್ಚಳ. ಡಬ್ಬಿ ಕೆಳಗಿತ್ತು, ಇನ್ನೆರಡು ಕೋತಿಗಳ ನಡುವೆ. ಕೊಬ್ಬರಿ ಮಿಠಾಯಿ ಒಂದು ಚೂರೂ ಉಳಿದಿರಲಿಲ್ಲ. ಮಂಡಿ ನೋವಿನ ಎಣ್ಣೆಯ ಬಾಟಲಿಯನ್ನೂ ಮೂಸಿ ನೋಡಿ ಬಿಸಾಕಿದ್ದವು. ಅಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವತ್ತಿನಿಂದ ಕಾರು ನಿಂತಲ್ಲೆಲ್ಲ ಒಂದೇ ಪ್ರಶ್ನೆ: ‘ಗಾಜು ಏರಿಸಿದ್ಯಾ?’

ಮಧ್ಯಾಹ್ನ ಬನಶಂಕರಿಗೆ ಹೋದೆವು. ದೇವಿಯ ದರ್ಶನ ಬೇಗ ಆಯಿತು. ದೇವಸ್ಥಾನದ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಮಾತ್ರ ಒಂದು ಗಂಟೆ ಕೂತೆವು. ‘ಬಾ ಯವ್ವಾ, ಕುಂದ್ರು. ಹೊಟ್ಟಿ ತುಂಬ ರೊಟ್ಟಿ ತಿನ್ನು’ ಅಂತ ಕರೆದ ಅಜ್ಜಿ, ಅಮ್ಮನಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಖಾರ ನೆತ್ತಿಗೇರಿ ಅಮ್ಮ ಕೆಮ್ಮಿದಳು. ಅಜ್ಜಿ ನಕ್ಕು ಇನ್ನೊಂದು ಸೌಟು ಮೊಸರು ಹಾಕಿ, ‘ನಿಮ್ಮ ಕಡಿ ಬರೇ ಅನ್ನ ಉಣ್ಣೋ ಮಂದಿ’ ಅಂದಳು. ‘ನಾವು ರಾಗಿಮುದ್ದೆ ತಿನ್ನೋರು ಕಣಜ್ಜಿ’ ಅಂತ ಅಮ್ಮ ತಿರುಗಿಸಿ ಕೊಟ್ಟಳು. ದುಡ್ಡು ಕೊಡುವಾಗ ಅಜ್ಜಿ ಮೊಸರಿನದ್ದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸಂಜೆ ಗುಳೇದಗುಡ್ಡದ ರವಿಕೆ ಖಣ ಹುಡುಕಿಕೊಂಡು ಅಂಗಡಿ ಅಂಗಡಿ ತಿರುಗಿದ ಕಥೆ ಬೇಡ. ಆರು ತೆಗೆದಳು. ಎಲ್ಲಾ ಯಾರ್ಯಾರಿಗೋ.

ಮರುದಿನ ಪಟ್ಟದಕಲ್ಲು, ಐಹೊಳೆ. ಐಹೊಳೆಯಲ್ಲಿ ನಾನು ಕಳೆದುಹೋದೆ ಅಂತಲೇ ಹೇಳಬೇಕು. ನೂರಕ್ಕೂ ಹೆಚ್ಚು ಗುಡಿಗಳಿರುವ ಊರಿನಲ್ಲಿ ಎರಡು ಗಂಟೆ ಅಂದರೆ ಏನೂ ಅಲ್ಲ. ದುರ್ಗದ ಗುಡಿ, ಲಾಡಖಾನ್ ಗುಡಿ ನೋಡಿದೆವು. ರವಿಕೀರ್ತಿಯ ಶಾಸನವಿರುವ ಮೇಗುತಿ ಗುಡ್ಡವನ್ನು ಅಮ್ಮ ಕೆಳಗಿನಿಂದಲೇ ನೋಡಿದಳು. ನಾನು ಹತ್ತಿ ಫೋಟೋ ತಂದು ತೋರಿಸಿದೆ. ಐಹೊಳೆಗೆ ಒಂದಿಡೀ ದಿನ ಇಟ್ಟುಕೊಂಡು ಹೋಗಿ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಆ ವಿಕ್ರಮಾದಿತ್ಯ ಕಂಚಿಯನ್ನು ಲೂಟಿ ಮಾಡಲಿಲ್ಲ. ಅಲ್ಲಿನ ಕೈಲಾಸನಾಥ ದೇವಸ್ಥಾನದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಆ ಮಾತನ್ನು ಅಲ್ಲೇ ಕನ್ನಡದಲ್ಲಿ ಕೆತ್ತಿಸಿ ಬಂದ. ಅಮ್ಮನ ಇಷ್ಟದ ರಾಜ ಇವನೇ, ಪುಲಕೇಶಿ ಅಲ್ಲ. ಇಲ್ಲಿ ಶಿಲ್ಪಿಗಳ ಹೆಸರೂ ಶಾಸನದಲ್ಲಿದೆ: ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ. ‘ಕೆಲಸ ಮಾಡಿದವರ ಹೆಸರು ಹಾಕ್ಸಿದಾಳಲ್ಲ, ಒಳ್ಳೆ ಹೆಣ್ಣುಮಗಳು’ ಅಂದಳು. ತಾನು ಸ್ಕೂಲ್ ಡೇ ನಾಟಕ ಮಾಡಿಸಿದ ವರ್ಷ ಕರಪತ್ರದಲ್ಲಿ ತನ್ನ ಹೆಸರು ಬಿಟ್ಟಿದ್ದನ್ನು ಅಮ್ಮ ಇನ್ನೂ ಮರೆತಿಲ್ಲ.

ಕೊನೆಯ ಹಾದಿ ಬಾಗಲಕೋಟೆ ಮೇಲೆ ವಿಜಯಪುರಕ್ಕೆ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದಕ್ಕೆ ಎರಡೆರಡು ಟ್ರೇಲರ್, ಕಿವಿ ಹರಿದುಹೋಗುವ ಹಾಗೆ ಹಾಡು, ಹಿಂದೆ ಒಂದು ದೀಪವೂ ಇಲ್ಲ. ರಾತ್ರಿ ಈ ದಾರಿಯಲ್ಲಿ ಕಾರು ಓಡಿಸಬೇಡಿ. ಕೃಷ್ಣೆಯ ಮೇಲಿನ ಉದ್ದದ ಸೇತುವೆ ದಾಟಿದರೆ ಕೊಲ್ಹಾರ. ಇಲ್ಲಿನ ಮೊಸರು ಮಣ್ಣಿನ ಗಡಿಗೆಯಲ್ಲಿ ಸಿಗುತ್ತದೆ. ಅಂಗಡಿಯವನು ಗಡಿಗೆಯನ್ನು ಅಮ್ಮನ ಸೀರೆಯ ಮೇಲೆ ಬೋರಲು ಹಿಡಿದ. ಅಮ್ಮ ಹಿಂದಕ್ಕೆ ಹಾರಿದಳು. ‘ಹೆದರಬ್ಯಾಡ್ರಿ ಅಮ್ಮಾರ, ಬೀಳಂಗಿಲ್ಲ’ ಅಂದ. ಬೀಳಲಿಲ್ಲ. ಎರಡು ಗಡಿಗೆ ತೆಗೆದುಕೊಂಡು ಒಂದನ್ನು ಅಲ್ಲೇ ಸಕ್ಕರೆ ಹಾಕಿ ಮುಗಿಸಿದೆವು.

ವಿಜಯಪುರ ತಲುಪಿದ್ದು ಮಧ್ಯಾಹ್ನ. ನೇರವಾಗಿ ಗೋಳಗುಮ್ಮಟಕ್ಕೇ ಹೋದೆವು, ಹೋಗಬಾರದಿತ್ತು. ಶಾಲಾ ಪ್ರವಾಸದ ಕಾಲ. ಹೊರಗೆ ಹತ್ತಾರು ಬಸ್ಸು. ಒಳಗೆ ಸಾವಿರ ಮಕ್ಕಳು ಕಿರುಚುತ್ತಿದ್ದರು, ಗುಮ್ಮಟ ಆ ಕಿರುಚಾಟವನ್ನೆಲ್ಲ ಕಡೆದು ನಮ್ಮ ತಲೆಯ ಮೇಲೆ ಸುರಿಯುತ್ತಿತ್ತು. ಅಮ್ಮ ಮಹಮ್ಮದ್ ಆದಿಲ್‌ಶಾಹನ ಗೋರಿಯ ಕಟ್ಟೆಯ ಹತ್ತಿರ ನಿಂತು ಮೇಲೆ ನೋಡಿದಳು. ನಡುವೆ ಒಂದೇ ಒಂದು ಕಂಬ ಇಲ್ಲ. ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ಅಷ್ಟು ದೊಡ್ಡ ಗುಮ್ಮಟ ಕೂತಿದೆ. ‘ನಾಳೆ ಬರೋಣ’ ಅಂದಳು. ಸಂಜೆ ಇಬ್ರಾಹಿಂ ರೋಜಾ ನೋಡಿದೆವು. ಚೆಂದ ಅಂತ ಬಂದರೆ ನನ್ನ ವೋಟು ಅದಕ್ಕೇ. ಗೋಳಗುಮ್ಮಟ ಬೆರಗು ಹುಟ್ಟಿಸುತ್ತದೆ, ರೋಜಾದ ಹತ್ತಿರ ಸುಮ್ನೆ ಕೂತಿರಬೇಕು ಅನ್ನಿಸುತ್ತದೆ.

ಮರುದಿನ ಗೇಟು ತೆಗೆಯುವ ಮೊದಲೇ ನಾವು ಅಲ್ಲಿದ್ದೆವು. ಮೂಲೆ ಗೋಪುರದ ಒಳಗೆ ಇಕ್ಕಟ್ಟಿನ ಮೆಟ್ಟಿಲು. ಅಮ್ಮ ಪ್ರತಿ ಅಂತಸ್ತಿನಲ್ಲೂ ಕಿಟಕಿಯ ಹತ್ತಿರ ಕೂತು ಉಸಿರು ತೆಗೆದುಕೊಂಡು ನಂಬರು ಹೇಳುತ್ತಿದ್ದಳು. ಕೊನೆಗೆ, ‘ಏಳು! ನಾನು ಬೋರ್ಡ್ ಮೇಲೆ ನಾಲ್ಕೇ ಗೆರೆ ಎಳೀತಿದ್ದೆ ಕಣೋ. 31 ವರ್ಷ ತಪ್ಪು ಬರ್ದಿದೀನಿ’ ಅಂದಳು. ಒಳಗಿನ ಗ್ಯಾಲರಿಯಲ್ಲಿ ನಮ್ಮಿಬ್ಬರ ಜೊತೆ ಒಬ್ಬ ಕಾವಲುಗಾರ ಮಾತ್ರ. ಅಮ್ಮ ಚಪ್ಪಲಿ ಬಿಟ್ಟು, ನಿಂತು, ಒಂದೇ ಒಂದು ಚಪ್ಪಾಳೆ ತಟ್ಟಿದಳು. ಬೆರಳು ಮಡಚುತ್ತಾ ಹೋದಳು. ಆರಕ್ಕೆ ನಿಂತಿತು.

‘ಆರು.’

‘ನಂಗೆ ಏಳು ಕೇಳಿಸ್ತಮ್ಮ.’

‘ನಂದು ವಯಸ್ಸಿನ ಕಿವಿ. ಏಳೇ ಇರ್ಲಿ. ಪುಸ್ತಕದಲ್ಲಿ ಹಾಗೇ ಇತ್ತು.’

ಆಮೇಲೆ ನನ್ನನ್ನು ಎದುರು ಕಡೆಗೆ ಕಳಿಸಿದಳು. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಅಲ್ಲಿಂದ ಅಮ್ಮ ಒಂದು ಹಸಿರು ಸೀರೆಯ ಚುಕ್ಕೆ. ನಾನು ಗೋಡೆಗೆ ಕಿವಿ ಇಟ್ಟೆ. ಅವಳು ಗೋಡೆಗೆ ಬಾಯಿ ಇಟ್ಟು ಏನೋ ಯೋಚಿಸಿದಳು. ಗೋಡೆಯ ಒಳಗಿನಿಂದಲೇ ಬಂದ ಹಾಗೆ, ನನ್ನ ಕಿವಿಯಲ್ಲೇ ನಿಂತು ಹೇಳಿದ ಹಾಗೆ, ಪಿಸುಮಾತು ಬಂತು:

‘ಕಾರಿನ ಗಾಜು ಏರಿಸಿದ್ಯಾ?’